ಹೆಂಡತಿಯ ಪಕ್ಕದಲ್ಲಿ ಒಂದು ಮೈಲಿ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಹೊಲಿಗೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ನಡುವಿನ ಮೆಟ್ಟಿಲು ಎಷ್ಟು ಕಿರಿದೆಂದರೆ, ಒಬ್ಬರು ಇಳಿಯುವಾಗ ಇನ್ನೊಬ್ಬರು ಕೆಳಗೇ ಕಾಯಬೇಕು. ಗಿರಾಕಿಗಳಿಗೆಲ್ಲ ಅವನು ಟೈಲರಣ್ಣ. ನಲವತ್ತು ದಾಟಿದ್ದ, ಸಣ್ಣಗೆ ಹೊಟ್ಟೆ ಬಂದಿತ್ತು, ಕುತ್ತಿಗೆಯಲ್ಲಿ ಸದಾ ಟೇಪು. ಊಟಕ್ಕೆ ಕೂತಾಗಲೂ ಅದನ್ನು ತೆಗೆಯುತ್ತಿರಲಿಲ್ಲ. "ಅದನ್ನ ಪಕ್ಕಕ್ಕಿಟ್ಟು ಉಣ್ಣಿ. ಅನ್ನಕ್ಕೂ ಅಳತೆ ತಗೋತೀರಾ?" ಎಂದು ಹೆಂಡತಿ ರೇಗಿಸುತ್ತಿದ್ದಳು. ಅದು ಮಗಳು ಇದ್ದ ಕಾಲದ ಮಾತು.

ಮಗಳನ್ನು ಪುಟ್ಟಿ ಎಂದು ಕರೆಯುತ್ತಿದ್ದರು. ಆರು ತುಂಬಿ ಏಳಕ್ಕೆ ಬಿದ್ದಿತ್ತು. ಜ್ವರವೆಂದು ಸೋಮವಾರ ಶಾಲೆ ತಪ್ಪಿಸಿದವಳು ಶುಕ್ರವಾರಕ್ಕೆ ಇರಲಿಲ್ಲ. ಡಾಕ್ಟರು ಕಾಯಿಲೆಗೆ ಏನೋ ಹೆಸರು ಹೇಳಿದರು. ಅದು ಅವನ ತಲೆಗೆ ಹೋಗಲಿಲ್ಲ. ಒಂದು ವಾರಕ್ಕೆ ಅವನು ಅಂಗಡಿಯ ಬಾಗಿಲು ತೆಗೆದು ಮಿಷನ್ ಮುಂದೆ ಕೂತ. "ಕಲ್ಲೆದೆಯವನಪ್ಪ" ಎಂದು ಬೀದಿಯವರು ಮಾತಾಡಿಕೊಂಡರು. ಅವನದು ಕಲ್ಲೆದೆಯಲ್ಲ. ಹೆಂಡತಿ ಅಳುತ್ತಿದ್ದಳು, ಇಬ್ಬರೂ ಅಳುತ್ತ ಕೂತರೆ ಒಲೆ ಹಚ್ಚುವವರು ಯಾರು ಎಂದು ಅವನು ತನ್ನ ಅಳುವನ್ನು ಮುಂದಕ್ಕೆ ಹಾಕಿದ, ಅಷ್ಟೆ. ಮುಂದಕ್ಕೆ ಹಾಕಿದ್ದು ಮುಂದಕ್ಕೇ ಹೋಯಿತು. ಮಗಳ ಸುದ್ದಿ ಎತ್ತಿದರೆ ಎಲ್ಲಿ ಅವಳು ಕುಸಿದುಬಿಡುತ್ತಾಳೋ ಎಂದು ಅವನು ಎತ್ತಲಿಲ್ಲ. ಅವನೇ ಎತ್ತದ ಮೇಲೆ ತನಗೇಕೆ ಎಂದು ಅವಳೂ ಬಾಯಿ ಕಟ್ಟಿಕೊಂಡಳು. ಹೀಗೆ ಒಂದೂವರೆ ಕೋಣೆಯ ಆ ಮನೆಯಲ್ಲಿ ಉಪ್ಪು, ಬಾಡಿಗೆ, ನಲ್ಲಿ ನೀರು ಎಲ್ಲದರ ಮಾತೂ ಆಗುತ್ತಿತ್ತು, ಒಂದರದು ಬಿಟ್ಟು.

ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಮಧ್ಯಾಹ್ನ ಹೋದರೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬರುವುದು. ಮಗಳು ಹೋದ ವರ್ಷದ ಕೊನೆಗೆ ಒಂದು ದಿನ ಅವಳು ಬಿಳಿ ಕ್ಯಾನ್ವಾಸ್ ಶೂ ಕೊಂಡು ತಂದಳು. ಮರುದಿನ ಬೆಳಗಾಗುತ್ತಲೇ ಶಾಲೆಯ ಮೈದಾನಕ್ಕೆ ಹೋಗಿ ಓಡಿದಳು. ಅದರ ಮರುದಿನವೂ ಓಡಿದಳು. ಆ ಮೈದಾನಕ್ಕೆ ನಾಲ್ಕು ಸುತ್ತು ಹಾಕಿದರೆ ಒಂದು ಮೈಲಿ. ಅವಳದು ದಿನಕ್ಕೆ ಒಂದೇ ಮೈಲಿ, ಆದರೆ ಜೋರು ಓಟ. ಮುಗಿಸಿದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದ ಹಾಗೇ ಮನೆಗೆ ಬರುತ್ತಿದ್ದಳು.

"ಏನ್ ಟೈಲರಣ್ಣ, ಅತ್ತಿಗೆ ಕಾಲಿಗೆ ಬುದ್ಧಿ ಹೇಳ್ತಿದಾರಂತೆ? ಮನೇಲಿ ಅಷ್ಟೊಂದು ಕಾಟ ಕೊಡ್ತೀಯಾ?" ಎಂದು ಎದುರಿನ ಪಾತ್ರೆ ಅಂಗಡಿಯವನು ಕೇಳಿದ. ಟೈಲರ್ ನಕ್ಕ. ಅವನಿಗೆ ನಿಜಕ್ಕೂ ಖುಷಿಯಾಗಿತ್ತು. ಓಡಲು ಶುರುಮಾಡಿದ ಮೇಲೆ ಅವಳು ನಿದ್ದೆ ಮಾತ್ರೆ ಬಿಟ್ಟಿದ್ದಳು, ತಟ್ಟೆಯಲ್ಲಿ ಅನ್ನ ಉಳಿಸುತ್ತಿರಲಿಲ್ಲ. ಬಟ್ಟೆ ಒಗೆಯುವಾಗ ಒಂದೆರಡು ಸಲ ಏನೋ ಗುನುಗಿದ್ದೂ ಕೇಳಿಸಿತ್ತು. ಅವಳಿಗೆ ಅಲ್ಲಿ ಏನು ಸಿಗುತ್ತದೋ ಅದು ತನಗೂ ಬೇಕು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಅದು ಸಿಗುವಾಗ ಅವಳ ಪಕ್ಕದಲ್ಲಿರಬೇಕು ಅನ್ನಿಸಿತು.

ಒಂದು ಬೆಳಿಗ್ಗೆ ಹಿಂದೆಯೇ ಹೊರಟ. ಒಂದು ಸುತ್ತು ಮುಗಿಯುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡು ಧ್ವಜಸ್ತಂಭದ ಕಟ್ಟೆಯ ಮೇಲೆ ಕೂತುಬಿಟ್ಟ. ಅವಳು ನಿಲ್ಲಲಿಲ್ಲ, ಅವನನ್ನು ದಾಟಿ ಓಡುತ್ತಲೇ ಇದ್ದಳು. ಮನೆಗೆ ಬರುವಾಗ, "ಮಿಷನ್ ತುಳಿಯೋ ಕಾಲು ನಿಮ್ದು. ಎಷ್ಟು ತುಳಿದ್ರೂ ಕೂತಲ್ಲೇ ಇರುತ್ತೆ," ಎಂದಳು.

"ನಿನ್ ಜೊತೆ ಓಡೋಕೆ ಆಗಲ್ಲ ಅಂತೀಯಾ?"

"ಆದಾಗ ನೋಡೋಣ ಬಿಡಿ."

ಹೇಳುತ್ತ ನಕ್ಕಳು. ಆ ನಗುವನ್ನು ಅವನು ಬಹಳ ಕಾಲದಿಂದ ಕಂಡಿರಲಿಲ್ಲ. ಅದನ್ನೇ ಅವನು ಕರೆಯೋಲೆ ಅಂದುಕೊಂಡ. ಅವಳು ಸುಮ್ಮನೆ ಮಾತು ಮುಗಿಸಿದ್ದಳು, ಅಷ್ಟೆ.

ಶಾಲೆಯಿಂದ ನಿವೃತ್ತರಾದ ಡ್ರಿಲ್ ಮೇಷ್ಟ್ರು ಸಂಜೆ ಹೊತ್ತು ಅದೇ ಮೈದಾನದಲ್ಲಿ ಸುತ್ತಾಡುತ್ತಿದ್ದರು. ಅವರ ಪ್ಯಾಂಟುಗಳನ್ನು ಇಪ್ಪತ್ತು ವರ್ಷದಿಂದ ಹೊಲಿದವನು ಇವನೇ. ಹೆಂಡತಿ ಕೆಲಸದಲ್ಲಿರುವ ಹೊತ್ತು ನೋಡಿಕೊಂಡು, ಅಂಗಡಿಗೆ ಅರ್ಧ ಬಾಗಿಲು ಎಳೆದು ಅವರ ಮುಂದೆ ಹೋಗಿ ನಿಂತ. "ಒಂದು ಮೈಲಿ ಓಡು, ನೋಡೋಣ" ಎಂದು ಮೇಷ್ಟ್ರು ಗಡಿಯಾರ ಒತ್ತಿದರು. ಓಡಿ, ನಡೆದು, ಮತ್ತೆ ಓಡಿ ಅವನು ಮುಗಿಸುವಾಗ ಹನ್ನೆರಡು ನಿಮಿಷ ದಾಟಿತ್ತು.

"ಪ್ಯಾಂಟು ಕೇಳಿದಾಗಲೆಲ್ಲ 'ನಾಳೆ ಬನ್ನಿ ಸಾರ್' ಅಂತೀಯಲ್ಲ, ಆ ಬುದ್ಧಿ ಕಾಲಿಗೂ ಇಳಿದಿದೆ," ಎಂದರು ಮೇಷ್ಟ್ರು. "ಯಾತಕ್ಕಪ್ಪ ಈ ವಯಸ್ಸಲ್ಲಿ ನಿಂಗೆ ಓಟ?"

"ನನ್ ಹೆಂಡ್ತಿ ಎಂಟೂವರೆ ನಿಮಿಷಕ್ಕೆ ಓಡ್ತಾಳೆ ಸಾರ್. ಅವಳ ಜೊತೆ ಓಡ್ಬೇಕು."

ಮೇಷ್ಟ್ರಿಗೂ ಪುಟ್ಟಿಯ ವಿಷಯ ಗೊತ್ತಿತ್ತು. ಅವರು ಮುಂದೆ ತಮಾಷೆ ಮಾಡಲಿಲ್ಲ. "ನಾಳೆಯಿಂದ ಬಾ. ತಪ್ಪಿಸೋ ಹಾಗಿಲ್ಲ," ಎಂದರು.

ಮೊದಲ ತಿಂಗಳು ಅವರು ಅವನಿಗೆ ಜೋರಾಗಿ ಓಡಲು ಬಿಡಲೇ ಇಲ್ಲ. ಪಕ್ಕದವನ ಜೊತೆ ಮಾತಾಡುತ್ತ ಓಡುವಷ್ಟು ನಿಧಾನ, ಆದರೆ ನಿಲ್ಲದೆ. ಆಮೇಲೆ ವಾರಕ್ಕೊಂದು ದಿನ ಒಂದು ಸುತ್ತು ಬಿರುಸಾಗಿ ಓಡಿ, ಅರ್ಧ ಸುತ್ತು ನಡೆದು, ಉಸಿರು ಹದಕ್ಕೆ ಬಂದ ಮೇಲೆ ಮತ್ತೊಂದು ಬಿರುಸಿನ ಸುತ್ತು. ಅವನು ಬಗ್ಗಿ ಓಡಿದರೆ, "ಸೂಜಿಗೆ ದಾರ ಪೋಣಿಸ್ತಿದೀಯಾ? ತಲೆ ಎತ್ತು!" ಎಂದು ದೂರದಿಂದಲೇ ಕೂಗುತ್ತಿದ್ದರು. ಮೈಲಿಯ ಗುಟ್ಟನ್ನೂ ಅವರೇ ಹೇಳಿಕೊಟ್ಟರು. "ಮೊದಲನೇ ಸುತ್ತು ಬೀಗರ ಮನೇಲಿ ಊಟಕ್ಕೆ ಕೂತ ಹಾಗೆ, ಎಷ್ಟು ಹಸಿವಿದ್ರೂ ತಡ್ಕೋಬೇಕು. ಎರಡನೇದು ತಾನಾಗೇ ಹೋಗುತ್ತೆ. ನಾಲ್ಕನೇದು ಕೊಟ್ಟಿಗೆ ಕಂಡ ದನದ ಓಟ, ಯಾರಾದ್ರೂ ಓಡ್ತಾರೆ. ಮೂರನೇದೇ ಕಷ್ಟ. ಶುರು ಮಾಡಿದ ಹುಮ್ಮಸ್ಸು ಹೋಗಿರುತ್ತೆ, ಮುಗಿಯೋದು ಕಾಣ್ತಿರಲ್ಲ. ಅಲ್ಲಿ ಬಿಡಬಾರದು."

ಅವನು ಬಿಡಲಿಲ್ಲ. ತನ್ನ ಪ್ಯಾಂಟಿನ ಸೊಂಟವನ್ನು ತಾನೇ ಎರಡು ಸಲ ಬಿಚ್ಚಿ ಕಿರಿದು ಮಾಡಿ ಹೊಲಿದುಕೊಂಡ. ಹನ್ನೆರಡು ನಿಮಿಷ ಹತ್ತಾಯಿತು, ಹತ್ತು ಒಂಬತ್ತಾಯಿತು. ಒಂಬತ್ತರಲ್ಲಿ ಬಂಡಿ ನಿಂತುಬಿಟ್ಟಿತು. ಎಷ್ಟು ತಿಣುಕಿದರೂ ಇಳಿಯದು. ಮೇಷ್ಟ್ರು ಒಂದು ವಾರ ಮೈದಾನಕ್ಕೇ ಬರಬೇಡವೆಂದು ಗದರಿಸಿ ಕಳಿಸಿದರು. ಸುಧಾರಿಸಿಕೊಂಡು ಬಂದವನು ಮೊದಲ ದಿನವೇ ಒಂಬತ್ತರ ಕೆಳಗೆ ಓಡಿದ. ಮನೆಯಲ್ಲಿ ಹೆಂಡತಿ ಅವನನ್ನು ದೀಪದ ಕೆಳಗೆ ನಿಲ್ಲಿಸಿ ನೋಡಿದಳು.

"ಯಾಕ್ರೀ ಇಷ್ಟು ಸೊರಗಿದೀರಾ? ಸಕ್ಕರೆ ಕಾಯಿಲೆ ಏನಾದ್ರೂ ಬಂತಾ? ನಾಳೆ ರಕ್ತ ಪರೀಕ್ಷೆ ಮಾಡಿಸಿ."

"ಏನೂ ಇಲ್ಲ ಕಣೇ" ಎಂದು ಅವನು ಒಳಗೊಳಗೇ ಹಿಗ್ಗಿದ. ಅವಳ ದಣಿದ ಕಣ್ಣುಗಳಲ್ಲಿ ತನ್ನ ಬಗ್ಗೆ ಗಾಬರಿ ಕಂಡದ್ದೇ ಅವನಿಗೆ ಹಬ್ಬವಾಗಿತ್ತು.

ಎಂಟು ನಿಮಿಷದ ಹತ್ತಿರ ಬಂದ ಮೇಲೆ ಇನ್ನು ಸಾಕು ಅನ್ನಿಸಿತು. ಮರುದಿನ ಬೆಳಿಗ್ಗೆ, "ನಾನೂ ಬರ್ತೀನಿ, ಸುಮ್ನೆ ನಡೀತೀನಿ" ಎಂದು ಅವಳ ಜೊತೆ ಹೊರಟ. ಅವಳು ಬೇಡ ಅನ್ನಲಿಲ್ಲ. ಮೈದಾನದಲ್ಲಿ ಇನ್ನೂ ಮಬ್ಬು ಬೆಳಕು, ಬೇರೆ ಯಾರೂ ಇರಲಿಲ್ಲ. ಅವಳು ಓಡಲು ಶುರುಮಾಡಿ ಒಂದಿಷ್ಟು ದೂರ ಹೋದ ಮೇಲೆ ಅವನೂ ಹೆಜ್ಜೆ ಎತ್ತಿದ. ಮೊದಲ ಸುತ್ತು ತಡೆದುಕೊಂಡ. ಎರಡನೆಯದರಲ್ಲಿ ನಡುವಿನ ಅಂತರ ಕರಗತೊಡಗಿತು. ಮೂರನೆಯ ಸುತ್ತಿನಲ್ಲಿ ಅವಳ ಜಡೆ, ಬೆನ್ನಿನ ಮೇಲಿನ ಬೆವರು ಎಲ್ಲ ಕಾಣುವಷ್ಟು ಹತ್ತಿರವಾದ. ಇನ್ನು ನಾಲ್ಕು ಹೆಜ್ಜೆ ಹಾಕಿದರೆ ಪಕ್ಕದಲ್ಲಿರುತ್ತಿದ್ದ. ಆಗ ಅವಳ ದನಿ ಕೇಳಿಸಿತು. ಏದುಸಿರಿನ ನಡುವೆ ಅವಳು ಮಾತಾಡುತ್ತಿದ್ದಳು.

"ಬಾ... ಬಾ... ಹಿಡಿ ನೋಡೋಣ... ಅಮ್ಮನ್ನ ಹಿಡಿ... ಬಂದ್ಯಾ..."

ಅವನಿಗೆ ಅರ್ಥವಾಗುವ ಮೊದಲೇ ಅವನ ಕಾಲಿನ ಸದ್ದು ಅವಳ ಕಿವಿಗೆ ಬಿತ್ತು. ಅವಳು ತಿರುಗಿದಳು. ಮುಖದ ತುಂಬ ನಗು, ಕಣ್ಣಿನ ತುಂಬ ನೀರು, ಎರಡು ಕೈಯನ್ನೂ ಚಾಚಿ, ಮಗುವಿನ ಎತ್ತರಕ್ಕೆ ಅರ್ಧ ಬಗ್ಗಿದ್ದಳು. ಅಲ್ಲಿ ಅವನಿದ್ದ.

ಆ ಮುಖ ಆರಿಹೋದ ಬಗೆಯನ್ನು ಅವನು ಆಮೇಲೆ ಯಾರಿಗೂ ಹೇಳಲಾರದೆ ಹೋದ. ಅವಳು ಚಾಚಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ನಿಂತಳು, ಆಮೇಲೆ ಮಣ್ಣಿನ ಮೇಲೆಯೇ ಕೂತಳು. ಅವನೂ ಪಕ್ಕದಲ್ಲಿ ಕೂತ.

"ನೀವ್ಯಾಕ್ರೀ ಬಂದ್ರಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಿನ್ ಜೊತೆ ಓಡೋಣ ಅಂತ. ಎಷ್ಟೋ ತಿಂಗಳಿಂದ ಕಲೀತಿದ್ದೆ."

"ನಂಗೆ ರಜೆ ಇದ್ದ ದಿನ ಸಂಜೆ ನೀವು ಅಂಗಡೀಲಿ ಇರ್ತಿದ್ರಲ್ಲ, ಆಗ ನಾವಿಬ್ರೂ ಇಲ್ಲಿ ಹಿಡಿಯೋ ಆಟ ಆಡ್ತಿದ್ವಿ. ಒಂದು ರಜೆನೂ ತಪ್ಪಿಸ್ತಿರಲಿಲ್ಲ. ನಿಮಗೆ ಗೊತ್ತಿಲ್ಲ." ಅಂಗೈಯ ಮಣ್ಣು ಒರೆಸಿಕೊಂಡು ಮತ್ತೆ ಹೇಳಿದಳು. "ಉಸಿರು ಕಟ್ಟೋ ಹಾಗೆ ಓಡಿದ್ರೆ ಅವಳು ಹಿಂದೆ ಬರ್ತಾಳೆ. ನಿಧಾನ ಓಡಿದ್ರೆ ಬರಲ್ಲ. ಅದಕ್ಕೇ ಜೋರಾಗಿ ಓಡ್ತಿದ್ದೆ."

"ನಾನು ಇನ್ಮೇಲೆ ಬರಲ್ಲ ಕಣೇ. ಆಣೆ ಮಾಡ್ತೀನಿ. ನೀನೊಬ್ಳೇ ಬಾ."

ಅವಳು ಇಲ್ಲವೆಂದು ತಲೆ ಆಡಿಸಿದಳು. "ಇನ್ನು ಹಿಂದೆ ಸದ್ದಾದ್ರೆ ನೀವೇ ಅನ್ಸುತ್ತೆ."

ಆದರೂ ಅವಳು ಪ್ರಯತ್ನಿಸಿದಳು. ಒಂದು ವಾರ ಒಬ್ಬಳೇ ಹೋದಳು. ಅವನು ಮಿಷನ್ ಮುಂದೆ ಕೂತು ಅವಳ ದಾರಿ ಕಾದ. ದಿನದಿಂದ ದಿನಕ್ಕೆ ಬೇಗ ಬರತೊಡಗಿದಳು. ಕೊನೆಯ ದಿನ ಮುಖದಲ್ಲಿ ಒಂದು ಹನಿ ಬೆವರೂ ಇರಲಿಲ್ಲ. ಶೂಗಳನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಮಂಚದ ಕೆಳಗೆ ತಳ್ಳಿದಳು. ನಿದ್ದೆ ಮಾತ್ರೆ ಮತ್ತೆ ಬಂತು. ಅವನು ಕ್ಷಮೆ ಕೇಳಿದ. "ನೀವು ಮಾಡಿದ್ದರಲ್ಲಿ ತಪ್ಪೇನಿದೆ? ಪ್ರೀತಿಯಿಂದ ತಾನೇ ಬಂದ್ರಿ," ಎಂದಳು. ತಪ್ಪು ಎಂದಿದ್ದರೆ ಅವನು ತಿದ್ದಿಕೊಳ್ಳುತ್ತಿದ್ದ. ತಪ್ಪಲ್ಲದ್ದನ್ನು ತಿದ್ದುವುದು ಹೇಗೆ?

ಬೇಸಿಗೆ ಬರುವ ಹೊತ್ತಿಗೆ ಅವಳು ಬೇರೆ ಊರಿನಲ್ಲಿದ್ದ ಅಕ್ಕನ ಮನೆಗೆ ಹೊರಟಳು. ಅಕ್ಕನಿಗೆ ಪರಿಚಯದ ಒಬ್ಬರ ಔಷಧಿ ಅಂಗಡಿಯಲ್ಲಿ ಕೆಲಸವೂ ಸಿಕ್ಕಿತ್ತು. ಜಗಳವಿಲ್ಲ, ಕೂಗಾಟವಿಲ್ಲ. "ಸ್ವಲ್ಪ ದಿನ ಇದ್ದು ಬರ್ತೀನಿ" ಎಂದಳು. ಅವನು ಅವಳ ರವಿಕೆಗಳಿಗೆಲ್ಲ ಹೊಸ ಹುಕ್ಕು ಹಾಕಿ, ಇಸ್ತ್ರಿ ಮಾಡಿ, ಮಡಚಿ ಕೊಟ್ಟ. ಬಸ್ ನಿಲ್ದಾಣ ಮನೆಗೆ ಹತ್ತಿರವೇ ಇದ್ದುದರಿಂದ ಬೀಳ್ಕೊಡುವುದೂ ಬೇಗ ಮುಗಿದುಹೋಯಿತು.

ಓಟವನ್ನು ಅವನು ಬಿಡಬೇಕೆಂದಿದ್ದ. ಡ್ರಿಲ್ ಮೇಷ್ಟ್ರು ಅಂಗಡಿಗೇ ಬಂದು ಕರೆದುಕೊಂಡು ಹೋದರು. ಅವರು ಒಂದು ಮಾತನ್ನೂ ಕೇಳಲಿಲ್ಲ. ಬೀದಿಯಲ್ಲಿ ಯಾರಿಗೆ ಏನು ಗೊತ್ತಿರುವುದಿಲ್ಲ? ಆ ವರ್ಷ ಶಾಲೆಯ ಹಳೆಯ ವಿದ್ಯಾರ್ಥಿಗಳು ಊರಿನವರಿಗೆಂದು ಒಂದು ಮೈಲಿ ಓಟ ಇಟ್ಟಿದ್ದರು. ಮೇಷ್ಟ್ರು ತಾವೇ ಅವನ ಹೆಸರು ಕೊಟ್ಟಿದ್ದರು. ಅಂಗಡಿಯವರು, ಬ್ಯಾಂಕಿನವರು, ಬಸ್ ಕಂಡಕ್ಟರುಗಳು ಎಲ್ಲ ಸೇರಿದ್ದರು. ಅವನು ಐದನೆಯವನಾಗಿ ಬಂದ. "ಏಳು ನಲವತ್ತೊಂಬತ್ತು!" ಎಂದು ಮೇಷ್ಟ್ರು ಗಡಿಯಾರ ಎತ್ತಿ ಹಿಡಿದು ಮಗುವಿನಂತೆ ಕುಣಿದರು. "ಟೈಲರ್, ಎಂಟರ ಕೆಳಗೆ ಕಣಯ್ಯಾ!"

ಟೈಲರ್ ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತ. ಓಡಿ ಮುಗಿಸಿದವರೆಲ್ಲ ಹಾಗೇ ನಿಂತಿದ್ದರು, ಎಲ್ಲರ ಬೆನ್ನೂ ಹಾಗೇ ಏರಿಳಿಯುತ್ತಿತ್ತು. ಉಳಿದವರ ಉಸಿರು ಹದಕ್ಕೆ ಬಂತು, ಅವನದು ಬರಲಿಲ್ಲ. ಇಷ್ಟು ಕಾಲ ಮುಂದಕ್ಕೆ ಹಾಕಿದ್ದ ಅಳು ಕರುಳು ಕಿತ್ತುಕೊಂಡು ಬಂತು. ಮೇಷ್ಟ್ರಿಗೆ ತಿಳಿಯಿತು. ಜನರಿಗೆ ಕಾಣದ ಹಾಗೆ ತಮ್ಮ ಟವೆಲನ್ನು ಅವನ ತಲೆಯ ಮೇಲೆ ಹಾಕಿ, ಬೆನ್ನು ಸವರುತ್ತ, ಎಲ್ಲರಿಗೂ ಕೇಳುವ ಹಾಗೆ, "ಸ್ವಲ್ಪ ಜಾಸ್ತಿ ದಮ್ಮು ಹಿಡಿದಿದೆ, ಗಾಳಿ ಬಿಡ್ರಪ್ಪ" ಎಂದರು.

ಆ ಭಾನುವಾರ ಅವನು ಹೆಂಡತಿಗೆ ಫೋನು ಮಾಡಿದ. ಓಟದ ಸುದ್ದಿ ಹೇಳಿದ.

"ಹೌದಾ! ಒಳ್ಳೇದಾಯ್ತು. ಮಂಡಿ ಹುಷಾರು ಕಣ್ರೀ," ಎಂದಳು.

"ನೀನು ಓಡ್ತಿದೀಯಾ?"

"ಇಲ್ಲ. ಇಲ್ಲಿ ಮೈದಾನ ದೂರ."

ಆಮೇಲೆ ಅವನು ಕೇಳಿದ. "ಪುಟ್ಟಿ ಹಿಡಿಯೋ ಆಟದಲ್ಲಿ ಹೇಗೆ ಓಡ್ತಿದ್ಲು? ನಾನು ನೋಡೇ ಇಲ್ಲ."

ಮಗಳು ಹೋದ ಮೇಲೆ ಅವನ ಬಾಯಲ್ಲಿ ಅವಳ ಹೆಸರು ಬಂದದ್ದು ಅದೇ ಮೊದಲು. ಫೋನು ಕಟ್ಟಾಯಿತೋ ಎಂದು ಅವನು ನೋಡಿಕೊಂಡ. ಆಮೇಲೆ ಹೆಂಡತಿ ಹೇಳತೊಡಗಿದಳು. ಪುಟ್ಟಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಓಡುತ್ತಿದ್ದಳಂತೆ. ಸಿಕ್ಕಿಬೀಳುವ ಹಾಗಾದರೆ "ತಡಿ, ಒಂದು ನಿಮಿಷ, ಬಾಯಾರಿಕೆ" ಎಂದು ಮೋಸ ಮಾಡುತ್ತಿದ್ದಳಂತೆ. ಹೇಳುತ್ತ ಅವಳು ನಕ್ಕಳು, ಅವನೂ ನಕ್ಕ. ಹಿಂದಿನಿಂದ ಅವಳ ಅಕ್ಕ ಊಟಕ್ಕೆ ಕರೆದದ್ದು ಕೇಳಿಸಿತು.

"ಇಡ್ಲಾ?" ಎಂದಳು.

"ಯಾವಾಗ ಬರ್ತೀಯಾ?" ಎಂದು ಅವನು ಕೇಳಿಯೇಬಿಟ್ಟ.

"ಅಲ್ಲಿಗೆ ಬಂದ್ರೆ ನಂಗೆ ಉಸಿರಾಡೋಕಾಗಲ್ಲ ಕಣ್ರೀ. ನಿಮ್ಮೇಲೆ ಕೋಪ ಇಲ್ಲ. ಬರಕ್ಕಾಗಲ್ಲ."

ಅವಳು ಬರಲಿಲ್ಲ. ಅವನೇ ಅಂಗಡಿ ಕಿತ್ತು ಅಲ್ಲಿಗೆ ಹೋಗುವ ಮಾತೆತ್ತಿದಾಗ, "ಬೇಡಿ. ನಿಮ್ಮ ಮುಖ ನೋಡಿದ್ರೆ ಅವಳದ್ದೇ ಕಾಣುತ್ತೆ," ಎಂದಳು. ಪುಟ್ಟಿಯ ಮೂಗು, ಹುಬ್ಬು ಎಲ್ಲ ಅಪ್ಪನದೇ ಆಗಿತ್ತು. ಭಾನುವಾರಗಳಲ್ಲಿ ಅವಳು ಕೆಲವೊಮ್ಮೆ ಫೋನು ಎತ್ತುತ್ತಾಳೆ, ಕೆಲವೊಮ್ಮೆ ಇಲ್ಲ. ಎತ್ತಿದ ದಿನ ಅವನು ಮಗಳ ಬಗ್ಗೆ ಏನಾದರೊಂದು ಕೇಳುತ್ತಾನೆ, ಅವಳು ಹೇಳುತ್ತಾಳೆ. ಎತ್ತದ ದಿನ ಮಿಷನ್ ಮೇಲಿನ ಬಟ್ಟೆ ಸರಿಸಿ, ಒಬ್ಬನೇ ಟೀ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತು ಕುಡಿಯುತ್ತಾನೆ. ಈಗ ಅಲ್ಲಿ ಯಾರೂ ಯಾರಿಗೂ ದಾರಿ ಬಿಡಬೇಕಾಗಿಲ್ಲ.