ನೀರಿನ ಮೂತಿ

ತುಮಕೂರಿನಲ್ಲಿ ನೀರು ಬಿಡುವ ದಿನ ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟರೆ ಎಲ್ಲರಿಗಿಂತ ಮೊದಲು ಏಳುವುದು ನಲ್ಲಿ. ಹಿಂದಿನ ದಿನವೇ ಅದನ್ನು ತಿರುಗಿಸಿ, ಕೆಳಗೊಂದು ಬಕೆಟ್ ಇಟ್ಟಿರುತ್ತೇನೆ. ಬೆಳಕು ಹರಿಯುವ ಹೊತ್ತಿಗೆ ಅದು ಒಂದು ನಿಟ್ಟುಸಿರು ಬಿಡುತ್ತದೆ, ಆಮೇಲೆ ಕೆಮ್ಮುತ್ತದೆ, ಕೊನೆಗೆ ಗೊರ್ ಗೊರ್ ಎಂದು ಮೂಗಿನಲ್ಲಿ ಸದ್ದು ಮಾಡಿ ತುಕ್ಕಿನ ಬಣ್ಣದ ಒಂದು ಗುಟುಕು ಉಗುಳುತ್ತದೆ. ಇಷ್ಟೆಲ್ಲ ಉಪಚಾರ ಮುಗಿದ ಮೇಲೆಯೇ ನೀರು. ಇವತ್ತೂ ಹಾಗೆಯೇ ಆಯಿತು. ಹಾಲಿನ ಪ್ಯಾಕೆಟ್ ಕತ್ತರಿಸಿ ಒಲೆಗಿಟ್ಟು, ಫಿಲ್ಟರಿಗೆ ಬಿಸಿನೀರು ಸುರಿದು, ಅಕ್ಕಿ ತೊಳೆಯುತ್ತಿದ್ದೆ. ಗೊರ್ ಎಂದಿತು. ನಾನು ತಿರುಗಿ ನೋಡದೆಯೇ, ಯಾರೂ ಇಲ್ಲದ ಅಡುಗೆಮನೆಗೆ ಕೇಳುವಂತೆ, "ಬಂತು ನೀರಾನೆ" ಎಂದೆ.

ಈ ಮಾತು ನನ್ನದಲ್ಲ, ನನ್ನ ಅತ್ತೆಯದು, ಎಂದರೆ ನಮ್ಮವರ ತಾಯಿಯದು. ಆಫ್ರಿಕಾದ ಒಂದು ಜೌಗಿನಲ್ಲಿ ನೀರಾನೆಯೊಂದು ಮೂಗನ್ನಷ್ಟೇ ಮೇಲೆತ್ತಿ ಸದ್ದು ಮಾಡಿದಾಗ, ಜೊತೆಯಲ್ಲಿದ್ದ ವಿದೇಶಿಯರೆಲ್ಲ ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದ್ದರು. ಅತ್ತೆ ಮಾತ್ರ, "ಅಯ್ಯೋ, ನಮ್ಮನೆ ನಲ್ಲಿ ಇದ್ದಂಗೈತಲ್ಲ" ಎಂದಿದ್ದರು. ಊರಿಗೆ ಮರಳಿದ ಮೇಲೆ ನಲ್ಲಿಯನ್ನೇ ನೀರಾನೆ ಎಂದು ಕರೆದರು.

ತುಮಕೂರಿನ ಗೃಹಿಣಿಗೂ ಆಫ್ರಿಕಾಕ್ಕೂ ಎತ್ತಣ ನಂಟು ಎಂದು ನೀವು ಕೇಳುವ ಮೊದಲು ಹೇಳಿಬಿಡುತ್ತೇನೆ. ತೊಂಬತ್ತರ ದಶಕದಲ್ಲಿ ನಮ್ಮವರು ಕೆಲವು ವರ್ಷಗಳ ಕರಾರಿನ ಮೇಲೆ ಬೋಟ್ಸ್ವಾನಾ ದೇಶದ ಒಂದು ಶಾಲೆಗೆ ವಿಜ್ಞಾನದ ಮೇಷ್ಟರಾಗಿ ಹೋದರು. ಹಿಂದೆಯೇ ನಾನೂ ಹೋದೆ. ಊರಿನ ಹೆಸರು ಮೌನ್. ನಮ್ಮ ಕಡೆಯವರು ಅದನ್ನು ಮೌನ ಎಂದೇ ಕರೆದರು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನ್ನ ಬಾಯಿ ಮುಚ್ಚಿಸಲು ಬೆಂಚಿನ ಮೇಲೆಲ್ಲ ನಿಲ್ಲಿಸಿ ಸೋತಿದ್ದರಂತೆ, ಕೊನೆಗೆ ಗಂಡನೇ ಕರೆದುಕೊಂಡು ಹೋಗಿ ಮೌನದಲ್ಲಿ ಕೂರಿಸಿದ ಎಂದು ನನ್ನ ತಾಯಿ ಬಂದವರ ಮುಂದೆಲ್ಲ ನಗುತ್ತಿದ್ದರು.

ಎರಡನೆಯ ವರ್ಷ ಅತ್ತೆ ನಮ್ಮಲ್ಲಿಗೆ ಬಂದರು. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ವಿಮಾನ, ದೊಡ್ಡ ಅಂಗಡಿ, ಟಾರು ರಸ್ತೆಯ ಮೇಲೆ ಓಡಾಡುವ ಕತ್ತೆಗಳು, ಯಾವುದೂ ಅವರನ್ನು ಬೆರಗುಗೊಳಿಸಲಿಲ್ಲ. ಅಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವಾಗ "ಮ್ಮ" ಎನ್ನುತ್ತಾರೆ, ಅದು ಹಿಡಿಸಿತು. ಅವರ ದುಡ್ಡಿನ ಹೆಸರು ಪುಲಾ, ಹಾಗೆಂದರೆ ಮಳೆ ಎಂದೇ ಅರ್ಥ ಎಂದು ತಿಳಿದಾಗ ಮಾತ್ರ ಒಂದು ನೋಟನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು. ಆಮೇಲೆ ನನ್ನನ್ನು ಕೇಳಿದರು, "ಮಳೆಗೆ ದುಡ್ಡು ಅಂತಾರೋ, ದುಡ್ಡಿಗೆ ಮಳೆ ಅಂತಾರೋ?"

ಅಷ್ಟು ದೂರ ಬಂದವರಿಗೆ ಕಾಡು ತೋರಿಸದೆ ಕಳಿಸುವುದು ಹೇಗೆ ಎಂದು ನಮ್ಮವರು ಶಾಲೆಯ ರಜೆಯಲ್ಲಿ ಸಫಾರಿ ಗೊತ್ತು ಮಾಡಿದರು. ಜೂನ್ ತಿಂಗಳು, ಅಲ್ಲಿ ಚಳಿಗಾಲ. ತೆರೆದ ಜೀಪಿನಲ್ಲಿ ಅತ್ತೆ ಸೀರೆಯ ಮೇಲೆ ನಮ್ಮವರ ಸ್ವೆಟರ್, ಸ್ವೆಟರಿನ ಮೇಲೆ ಕಂಬಳಿ, ತಲೆಗೆ ಮಂಕಿ ಕ್ಯಾಪ್ ಹಾಕಿ ಕುಳಿತರು. ಜೀಪು ಓಡಿಸುತ್ತಿದ್ದವನು ಕಾಬೊ, ಮೆಲುದನಿಯ ಮನುಷ್ಯ. ಅವನ ಇಂಗ್ಲಿಷನ್ನು ಅತ್ತೆಗೆ ಕನ್ನಡ ಮಾಡುವುದೂ, ಅತ್ತೆಯ ಕನ್ನಡವನ್ನು ಅವನಿಗೆ ಇಂಗ್ಲಿಷ್ ಮಾಡುವುದೂ ನನ್ನ ಪಾಲಿನ ಕೆಲಸ. ಕಾನ್ವೆಂಟಿನ ಫೀಸು ಸಾರ್ಥಕವಾಯಿತು ಎಂದು ನಾನು ಒಳಗೊಳಗೇ ಹಿಗ್ಗಿದ್ದೆ.

ಮರದ ನೆರಳಲ್ಲಿ ಸಿಂಹಗಳು ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿದ್ದವು. ಮುದ್ದೆ ಉಂಡು ಜಗಲಿಯ ಮೇಲೆ ಉರುಳಿಕೊಂಡ ಗಂಡಸರ ಹಾಗಿವೆ ಎಂದು ಅತ್ತೆ ಮುಖ ತಿರುಗಿಸಿದರು. ನಮ್ಮವರು ಯಾಕೋ ನೆಟ್ಟಗೆ ಕುಳಿತರು. ಜಿರಾಫೆ ನೋಡಿ ಅತ್ತೆ, ಪಾಪ ಅದಕ್ಕೆ ನೀರು ಕುಡಿಯುವುದು ಎಷ್ಟು ಕಷ್ಟ ಎಂದರು. ಆಮೇಲೆ ಪೊದೆ ಸೀಳಿಕೊಂಡು ಒಂದು ಒಂಟಿ ಆನೆ ಜೀಪಿನ ಪಕ್ಕಕ್ಕೇ ಬಂದು ನಿಂತಿತು. ಕಾಬೊ ಎಂಜಿನ್ ಆರಿಸಿ, ಯಾರೂ ಅಲ್ಲಾಡಬೇಡಿ ಎಂದು ಕೈಸನ್ನೆ ಮಾಡಿದ. ಅತ್ತೆ ನಿಧಾನವಾಗಿ ಮಂಕಿ ಕ್ಯಾಪ್ ತೆಗೆದರು. ಸೆರಗು ಸರಿಮಾಡಿಕೊಂಡು, ಕೈಮುಗಿದು, ತಲೆಯನ್ನು ಜೀಪಿನಿಂದ ಹೊರಗೆ ಬಗ್ಗಿಸಿ ಕಾದರು. ಅವರು ಕಂಡ ಆನೆಗಳೆಲ್ಲ ಬೀದಿಯಲ್ಲಿ ಮಾವುತನ ಜೊತೆ ಬಂದು, ಬಾಳೆಹಣ್ಣು ತಿಂದು, ತಲೆಯ ಮೇಲೆ ಸೊಂಡಿಲಿಟ್ಟು ಹರಸಿದ ಆನೆಗಳು. ಆನೆ ಎರಡು ಸಲ ಕಿವಿ ಬೀಸಿ, ಮೂಸಿ, ಏನೂ ತೋಚದ ಹಾಗೆ ಹಿಂದೆ ಸರಿದು ಹೊರಟುಹೋಯಿತು. ಅತ್ತೆ ಮಂಕಿ ಕ್ಯಾಪ್ ಮತ್ತೆ ಹಾಕಿಕೊಂಡರು.

"ಇದಕ್ಕೆ ರೂಢಿ ಇಲ್ಲ ಬುಡು" ಎಂದರು.

ಮಾರನೆಯ ದಿನ ದೋಣಿ. ಮರದ ಕಾಂಡ ಕೊರೆದಂತಿರುವ, ಕುಳಿತರೆ ನೀರು ಮೊಣಕೈಗೆ ತಾಗುವಷ್ಟು ತಗ್ಗಾದ ದೋಣಿ. ಕಾಬೊ ಹಿಂದೆ ನಿಂತು ಗಳುವಿನಿಂದ ನೂಕುತ್ತಿದ್ದ, ನಮ್ಮವರು ಇನ್ನೊಂದು ದೋಣಿಯಲ್ಲಿದ್ದರು. ಸುತ್ತ ಜೊಂಡು, ನೈದಿಲೆ, ನೈದಿಲೆಯ ಎಲೆಯ ಮೇಲೆ ನಡೆದಾಡುವ ಉದ್ದ ಬೆರಳಿನ ಹಕ್ಕಿ. ನಾನು ಹಕ್ಕಿ ನೋಡುತ್ತಿದ್ದೆ. ಅತ್ತೆ ನೀರೊಳಗಿನ ಹುಲ್ಲು ಯಾವ ಕಡೆಗೆ ಬಾಗಿದೆ ಎಂದು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೇಳಿದರು, "ಇದರ ತೂಬು ಎಲ್ಲೈತೆ ಕೇಳು. ಕೋಡಿ ಎಲ್ಲಿ ಬೀಳ್ತದೆ?"

ಜನ್ಮದಲ್ಲಿ ಕಾಣದ ಹೂವುಗಳ ಹೆಸರು ನನಗೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ನಮ್ಮೂರ ಕೆರೆಯ ತೂಬಿಗೆ, ಕೋಡಿಗೆ ಏನೆನ್ನುತ್ತಾರೆ ಎಂದು ಯಾವ ಸಿಸ್ಟರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಕೈಯಾಡಿಸಿ, ನೀರನ್ನು ಹೊರಗೆ ಬಿಡುವ ಬಾಗಿಲು, ಹೆಚ್ಚಾದ ನೀರು ಹರಿದುಹೋಗುವ ದಾರಿ ಎಂದೆಲ್ಲ ವಿವರಿಸಿದೆ. ಕಾಬೊ ನಕ್ಕ. ಬಾಗಿಲೂ ಇಲ್ಲ, ಏರಿಯೂ ಇಲ್ಲ ಎಂದ. ಉತ್ತರದಲ್ಲಿ ಬೇರೊಂದು ದೇಶದ ಗುಡ್ಡಗಳಲ್ಲಿ ಮಳೆ ಬೀಳುತ್ತದೆ. ಆ ನೀರು ತಿಂಗಳುಗಟ್ಟಲೆ ನಡೆದುಕೊಂಡು, ಇಲ್ಲಿ ಒಂದು ಹನಿಯೂ ಬೀಳದ ಚಳಿಗಾಲದಲ್ಲಿ ಬಂದು ಹರಡಿಕೊಳ್ಳುತ್ತದೆ. ಸಮುದ್ರ ಸೇರುವುದಿಲ್ಲ, ಮರಳಿನೊಳಗೆ ಇಂಗಿ, ಬಿಸಿಲಿಗೆ ಆರಿಹೋಗುತ್ತದೆ. ಮೌನ್ ಊರಿನ ಹೊಳೆಗೆ ಇನ್ನೂ ಬಂದಿಲ್ಲ, ಊರೆಲ್ಲ ಕಾಯುತ್ತಿದೆ, ಒಣ ಮರಳಿನ ಮೇಲೆ ಮೊದಲ ನೀರು ನಡೆದು ಬರುವುದನ್ನು ನೋಡಲು ಜನ ಸೇರುತ್ತಾರೆ ಎಂದ. ನಾನು ಅದನ್ನೆಲ್ಲ ಕನ್ನಡದಲ್ಲಿ ಹೇಳಿದೆ.

ಅತ್ತೆ ಗಕ್ಕನೆ ತಿರುಗಿದರು. ದೋಣಿ ಓಲಾಡಿತು. ಕಾಬೊ ಗಳು ಊರಿ ನಿಂತ.

"ಮೂತಿ ಕಾಣ್ತದಾ?"

ಮೂತಿ ಎಂದರೆ ಏನೆಂದು ಅವತ್ತು ಡೇರೆಯ ಮುಂದೆ ಕಾಫಿ ಕುಡಿಯುತ್ತಾ ಹೇಳಿದರು. ಅತ್ತೆಯ ತವರು ಕುಣಿಗಲ್ ಕಡೆಯ ಒಂದು ಹಳ್ಳಿ. ಅವರ ಅಪ್ಪ ಅಲ್ಲಿಯ ಕೆರೆಯ ನೀರುಗಂಟಿ, ಅಂದರೆ ತೂಬು ಎತ್ತಿ ಸರದಿಯ ಮೇಲೆ ಗದ್ದೆಗಳಿಗೆ ನೀರು ಬಿಡುವವರು. ತೂಬು ಎತ್ತುವ ದಿನ ಈ ಪುಟ್ಟ ಹುಡುಗಿ ಒಣಗಿದ ಕಾಲುವೆಯೊಳಗೆ ಇಳಿದು ನಿಲ್ಲುತ್ತಿದ್ದಳು. ನೀರು ಬರುವುದನ್ನು ಕಂಡೊಡನೆ ತಿರುಗಿ ಓಟ. ತಾನು ಮುಂದೆ, ನೀರು ಹಿಂದೆ. ಆ ನೀರಿನ ತುತ್ತತುದಿಗೆ, ಕಸಕಡ್ಡಿ ನೂಕಿಕೊಂಡು ನೆಲ ಮೂಸುತ್ತಾ ಬರುವ ಆ ಜಾಗಕ್ಕೆ, ಅಪ್ಪ ಮಗಳು ಇಟ್ಟುಕೊಂಡ ಹೆಸರು ನೀರಿನ ಮೂತಿ. ಮದುವೆಯಾಗಿ ಬಂದ ಮೇಲೆ ಅದನ್ನು ನೋಡಿಲ್ಲ ಎಂದರು. ತವರಿನಲ್ಲೂ ಬೋರ್‌ವೆಲ್ ಬಂದು ಕಾಲುವೆಯಲ್ಲಿ ಲಂಟಾನ ಬೆಳೆಯಿತು. ಕೆರೆ ತುಂಬಿದ್ದನ್ನು ನೋಡಿದ್ದೇನೆ, ಆದರೆ ತುಂಬಿದ ಮೇಲೆ ನೀರಿಗೆ ಮೂತಿ ಇರುವುದಿಲ್ಲ, ಇಲ್ಲಿ ಅದು ಬರುವುದನ್ನು ನಾನು ನೋಡಬೇಕು ಎಂದರು.

ನನಗೆ ತಮಾಷೆ ಎನಿಸಿದ್ದು, ಅತ್ತೆ ಅಷ್ಟು ವರ್ಷದಲ್ಲಿ ತಮಗಾಗಿ ಇದು ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೇಳಿದ್ದಾದರೂ ಏನನ್ನು, ಬೇರೆ ಯಾರದೋ ದೇಶದ ಮಳೆಯನ್ನು.

ಮೌನ್‌ಗೆ ಮರಳಿದ ಮೇಲೆ ಪ್ರತಿ ಸಂಜೆ ಸೇತುವೆಯ ಹತ್ತಿರ ಹೋಗುವುದು ನಮ್ಮ ದಿನಚರಿಯಾಯಿತು. ಕೆಳಗೆ ಬರೀ ಮರಳು. ಮೇಕೆಗಳು ಅಡ್ಡಾಡುತ್ತಿದ್ದವು. ಕಾಬೊ ಸಿಕ್ಕಾಗಲೆಲ್ಲ ನೀರು ಎಲ್ಲಿಯವರೆಗೆ ಬಂದಿದೆ ಎಂದು ಸುದ್ದಿ ಕೊಡುತ್ತಿದ್ದ, ನೆಂಟರು ಯಾವ ಸ್ಟಾಪಿನಲ್ಲಿ ಬಸ್ಸಿಳಿದರು ಎನ್ನುವ ಹಾಗೆ. ಆದರೆ ಅತ್ತೆಯ ವಾಪಸ್ ಟಿಕೆಟ್ ಕಾಯುವಂತಿರಲಿಲ್ಲ. ಗುಬ್ಬಿಯಲ್ಲಿರುವ ನನ್ನ ನಾದಿನಿಗೆ ಎರಡನೆಯ ಹೆರಿಗೆ. ಬಾಣಂತನಕ್ಕೆ ತಾಯಿ ಹತ್ತಿರವಿರಬೇಕು. ಅಲ್ಲಿ ಮಗು, ಇಲ್ಲಿ ನೀರು, ಎರಡೂ ಹೇಳಿ ಕೇಳಿ ಬರುವಂಥವಲ್ಲ. ಟಿಕೆಟ್ ಮುಂದಕ್ಕೆ ಹಾಕಿಸಲೇ ಎಂದು ನಮ್ಮವರು ಕೇಳಿದರು. ಅತ್ತೆ ಬೇಡ ಎಂದುಬಿಟ್ಟರು.

ಹೊರಡುವ ಹಿಂದಿನ ಸಂಜೆ ಮರಳಿಗೆ ಇಳಿದರು. ಚಪ್ಪಲಿ ಬಿಟ್ಟು, ಬಗ್ಗಿ, ಅಂಗೈ ಊರಿ ನೋಡಿದರು. ತಣ್ಣಗಿದೆ, ಹತ್ತಿರ ಬಂದಿದೆ ಎಂದರು. ಮೇಲೆ ಹತ್ತುವಾಗ ನನ್ನ ಭುಜ ಹಿಡಿದುಕೊಂಡರು.

"ನಾನು ಹೋದ್ಮೇಲೆ ಬರ್ತದೆ. ನೀನು ನೋಡು ಮಗ. ಸುಮ್ನೆ ನೋಡ್ಬೇಡ, ಕಣ್ಣಿಟ್ಟು ನೋಡು."

ಅವರು ಹೋದ ವಾರದೊಳಗೇ ನೀರು ಬಂತು. ಊರಿಗೆ ಊರೇ ಸೇರಿತ್ತು. ಹೆಂಗಸರು ನಾಲಗೆ ಹೊರಳಿಸಿ ಕೇಕೆ ಹಾಕಿದರು, ಕಾರುಗಳು ಹಾರನ್ ಹೊಡೆದವು. ಜನರ ತಲೆಗಳ ನಡುವೆ ಏನೋ ಹೊಳೆದದ್ದನ್ನು ನಾನೂ ಕಂಡೆ. ಭಾನುವಾರ ಗುಬ್ಬಿಗೆ ಫೋನ್ ಮಾಡಿದೆ. ಹೆಣ್ಣು ಮಗುವಂತೆ, ತಾಯಿ ಮಗು ಚೆನ್ನಾಗಿದ್ದಾರಂತೆ. ಮಗು ಯಾರ ಹಾಗಿದೆ ಎಂದು ಕೇಳಿದೆ.

"ಮಗು ಮೂತಿ ಆಮೇಲೆ ಹೇಳ್ತೀನಿ. ನೀರಿನ ಮೂತಿ ಹೆಂಗಿತ್ತು, ಅದನ್ನ ಹೇಳು."

"ತುಂಬಾ ಚೆನ್ನಾಗಿತ್ತು ಅತ್ತೆ."

"ಚೆನ್ನಾಗಿತ್ತು ಅಂದ್ರೆ? ಮುಂದುಗಡೆ ಏನಿತ್ತು? ನೊರೆನಾ, ಕಸನಾ? ಸದ್ದು ಬಂತಾ? ಇರುವೆ ಏನ್ ಮಾಡಿದ್ವು?"

ಪರೀಕ್ಷೆಯಲ್ಲಿ ಪ್ರಬಂಧಕ್ಕೆ ಯಾವಾಗಲೂ ಒಳ್ಳೆಯ ಅಂಕ ತೆಗೆಯುತ್ತಿದ್ದವಳು ನಾನು. ಬಿಳಿ ಹಾಳೆ ಕೊಟ್ಟು ಕುಳಿತ ಹಾಗಾಯಿತು. "ಹೋಗಿ ನೋಡ್ಕೊಂಡು ಬಾ" ಎಂದು ಅತ್ತೆ ಫೋನ್ ಇಟ್ಟರು.

ಆದರೆ ಮೂತಿ ಅಷ್ಟರಲ್ಲಿ ಊರು ದಾಟಿ ಹೋಗಿತ್ತಲ್ಲ. ಅದೇ ಮಧ್ಯಾಹ್ನ ನಮ್ಮವರನ್ನು ಎಬ್ಬಿಸಿ ಕಾರು ಹೊರಡಿಸಿದೆ. ಸೋಫಾದ ಮೇಲೆ ಆ ಸಿಂಹದ ಭಂಗಿಯಲ್ಲೇ ಇದ್ದರು. ಹೊಳೆಯ ಗುಂಟ ಹೋಗುತ್ತಾ, ಅಲ್ಲಲ್ಲಿ ಇಳಿದು ನೋಡುತ್ತಾ, ಕೊನೆಗೆ ನೀರನ್ನು ಹಿಂದೆ ಹಾಕಿ ಒಣ ಮರಳಿಗೆ ಬಂದೆವು. ಜನರಿಲ್ಲ. ನಾನು ಚಪ್ಪಲಿ ಬಿಟ್ಟು ಹೊಳೆಯ ನಡುವೆ ಕುಕ್ಕರುಗಾಲಲ್ಲಿ ಕುಳಿತೆ. ನಮ್ಮವರು ದಡದಿಂದ ಮೊಸಳೆ ಗಿಸಳೆ ಎಂದು ಏನೋ ಕೂಗಿದರು.

ಅದು ಬಂತು. ಓಡುತ್ತಾ ಅಲ್ಲ, ಯೋಚನೆ ಮಾಡುತ್ತಾ. ಮುಂದೆ ಕಾಫಿಯ ನೊರೆಯಂಥ ಕಂದು ನೊರೆಯ ಅಂಚು, ಆ ಅಂಚಿನ ಮೇಲೆ ಒಣಗಿದ ಮೇಕೆ ಹಿಕ್ಕೆಗಳು ತೇಲುತ್ತಾ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಒಂದು ಗುಂಡಿ ಸಿಕ್ಕರೆ ನಿಂತು, ಅದನ್ನು ತುಂಬಿಸಿ, ಆಮೇಲೆಯೇ ಮುಂದಿನ ಹೆಜ್ಜೆ. ಮರಳೊಳಗಿಂದ ಗುಳ್ಳೆಗಳೆದ್ದು ಒಡೆಯುವ ಸದ್ದು, ಕಾದ ದೋಸೆ ಹೆಂಚಿಗೆ ನೀರು ಚಿಮುಕಿಸಿದಂತೆ ಚುಯ್ ಎಂದು. ಹಿಂದಿನಿಂದ ಉದ್ದ ಕಾಲಿನ ಹಕ್ಕಿಗಳು ಹುಳ ಹೆಕ್ಕುತ್ತಾ ಬರುತ್ತಿದ್ದವು. ಇರುವೆಗಳು ಬಿಳಿಯ ಮೊಟ್ಟೆಗಳನ್ನು ಕಚ್ಚಿಕೊಂಡು ಒಂದು ಒಣ ಹುಲ್ಲಿನ ಕಡ್ಡಿಯನ್ನು ಹತ್ತುತ್ತಿದ್ದವು, ತುದಿ ತಲುಪಿದವು ಅಲ್ಲಿ ಜಾಗವಿಲ್ಲದೆ ಮತ್ತೆ ಕೆಳಗೆ ಇಳಿಯುತ್ತಿದ್ದವು. ನೀರು ನನ್ನ ಹೆಬ್ಬೆರಳನ್ನು ಮೂಸಿತು. ನಾನು ಎದ್ದು ಹಿಂದೆ ಹೆಜ್ಜೆ ಇಟ್ಟೆ. ಅದು ಬಂತು. ಇನ್ನೂ ಹಿಂದೆ ಸರಿದೆ. ಆಮೇಲೆ ತಿರುಗಿ, ಸೀರೆ ಎತ್ತಿ ಹಿಡಿದು, ಸ್ವಲ್ಪ ದೂರ ಓಡಿಯೂಬಿಟ್ಟೆ. ಇದನ್ನು ನೋಡಿದವರು ನಮ್ಮವರೊಬ್ಬರೇ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ಪಾಪ.

ಮನೆಗೆ ಬಂದು ಮತ್ತೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಹಿಂದೆ ಮಗು ಅಳುವುದು ಕೇಳುತ್ತಿತ್ತು. ನಾನು ಮುಗಿಸಿದ ಮೇಲೆ ಅತ್ತೆ ಕೇಳಿದರು, "ಇರುವೆ ಮೊಟ್ಟೆ ಕಚ್ಕೊಂಡಿದ್ವಾ?"

"ಹ್ಞೂಂ ಅತ್ತೆ. ಕಡ್ಡಿ ಹತ್ತುತಾ ಇದ್ವು."

"ಹಂಗಾದ್ರೆ ನೋಡ್ದೆ ಬುಡು" ಎಂದರು.

ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ವ್ಯಾಕರಣ ಕಲಿಸಿದ ಸಿಸ್ಟರ್, ಯಾರು ಎಂದು ಹೇಳದ ವಾಕ್ಯ ವಾಕ್ಯವೇ ಅಲ್ಲ ಎನ್ನುತ್ತಿದ್ದರು. ನಮ್ಮ ಮಾತಿಗೆ ಆ ಕಟ್ಟುಪಾಡಿಲ್ಲ. ನಾನು ನೋಡ್ದೆ ಎನ್ನುತ್ತೇವೆ, ನೀನು ನೋಡ್ದೆ ಎಂದೂ ಎನ್ನುತ್ತೇವೆ, ಎರಡಕ್ಕೂ ಅದೇ ಪದ. ಅತ್ತೆ ಅಂದದ್ದು ಯಾವುದು? ನನ್ನನ್ನು ಪಾಸು ಮಾಡಿದರೋ, ಅಥವಾ ತಾವೇ ನೋಡಿದೆ ಎಂದರೋ? ಊರಿಗೆ ಮರಳಿದ ಮೇಲೆ ಕೇಳಬಹುದಿತ್ತು. ಒಂದೇ ಮನೆಯಲ್ಲಿ, ಇದೇ ನಲ್ಲಿಯ ಗೊರಕೆ ಕೇಳುತ್ತಾ ಎಷ್ಟೋ ವರ್ಷ ಇದ್ದೆವು. ಕೇಳಿದರೆ ಎರಡರಲ್ಲಿ ಒಂದು ಹೋಗಿಬಿಡುತ್ತದಲ್ಲ ಎಂದು ಕೇಳಲಿಲ್ಲ. ಈಗ ಅತ್ತೆ ಇಲ್ಲ.

ಇವತ್ತು ಬೆಳಿಗ್ಗೆ ಇದನ್ನೆಲ್ಲ ನೆನೆಯುತ್ತಾ ನಿಂತಿದ್ದರಲ್ಲಿ ಹಾಲು ಉಕ್ಕಿತು, ಅಂಗಳದಲ್ಲಿ ನೀರಿನ ಸಂಪೂ ಉಕ್ಕಿತು. ಹೊರಗೆ ಓಡಿ ವಾಲ್ವ್ ಮುಚ್ಚುವಷ್ಟರಲ್ಲಿ ನೀರು ಅಂಗಳದ ಸಿಮೆಂಟು ದಾಟಿ, ಗೇಟಿನ ಕೆಳಗೆ ನುಸುಳಿ, ಒಣಗಿದ ಮೋರಿಯ ಕಡೆಗೆ ಹೊರಟಿತ್ತು. ವ್ಯರ್ಥವಾಯಿತಲ್ಲ ಎಂದು ಹೊಟ್ಟೆ ಉರಿಯಬೇಕಿತ್ತು. ನಾನು ಗೇಟು ತೆರೆದು ಅದರ ಹಿಂದೆ ಹೋದೆ. ನಿನ್ನೆಯ ಕನಕಾಂಬರ, ಒಂದು ಬೆಂಕಿಕಡ್ಡಿ, ರಂಗೋಲಿ ಪುಡಿಯ ಬಿಳಿ ಅಂಚು. ಇರುವೆಗಳು ಮೋರಿಯ ಕಲ್ಲು ಹತ್ತುತ್ತಿದ್ದವು. ಅದು ನಿಲ್ಲುವವರೆಗೂ ಕುಳಿತಿದ್ದೆ.

ಸಂಜೆ ಬಟ್ಟೆ ಮಡಚುತ್ತಾ ಮೆಟ್ಟಿಲ ಮೇಲೆ ಕುಳಿತಿದ್ದಾಗ ಪಕ್ಕದ ಮನೆಯ ಶಾಹೀನಾ ಕಾಂಪೌಂಡಿನ ಮೇಲಿಂದ ಕರಿಬೇವು ಕೇಳಿದಳು. ಕೊಟ್ಟೆ. ಅದನ್ನು ಮೂಸಿ ನೋಡಿ, ಒಳಗೆ ಹೋಗಲು ತಿರುಗಿದವಳು ನೆನಪಾದಂತೆ ನಿಂತಳು.

"ಬೆಳಿಗ್ಗೆ ಮೋರಿ ಪಕ್ಕ ಅಷ್ಟೊತ್ತು ಬಗ್ಗಿ ಕೂತಿದ್ರಲ್ಲಕ್ಕ, ಓಲೆ ತಿರುಪು ಬಿದ್ದೋಗಿತ್ತಾ? ಸಿಕ್ತಾ?"