ಪಕ್ಕದವರ ತಕರಾರು

ನಮ್ಮ ಮಾವನವರ ಕೋವಿಯನ್ನು ಸರ್ಕಾರಕ್ಕೆ ಹಿಡಿಸಿದ್ದು ಪಕ್ಕದ ಮನೆಯ ಕೆರಿಯಪ್ಪನವರಲ್ಲ, ನಾನು. ಊರಲ್ಲಿ ಯಾರನ್ನು ಕೇಳಿದರೂ ಕೆರಿಯಪ್ಪನವರ ಹೆಸರನ್ನೇ ಹೇಳುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಹೇಳುತ್ತೇವೆ. ನಾನೂ ಹೇಳಿದ್ದೇನೆ — ನಾಲಿಗೆ ತಡವರಿಸದೆ, ನೆಂಟರ ಎದುರು, ಹೆತ್ತ ಮಗಳ ಎದುರು. ಹೇಳಿ ಹೇಳಿ ಒಮ್ಮೊಮ್ಮೆ ನನಗೇ ಅದು ನಿಜ ಅನ್ನಿಸಿದ್ದೂ ಉಂಟು. ಒಂದು ಸುಳ್ಳನ್ನು ಇಷ್ಟು ವರ್ಷ ಸಾಕಿಕೊಂಡು ಬಂದಿದ್ದೇನೆ, ಈಗ ಸುಸ್ತಾಗಿದೆ.

ನಾನು ಶಿಕಾರಿಪುರದವಳು. ಪೇಟೆಯಲ್ಲಿ ನಮ್ಮಪ್ಪನದು ಕಾಳುಕಡಿ ಅಂಗಡಿ. ಬಂದೂಕು ಅಂದರೆ ನಮಗೆ ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುವ ಕಾವಲುಗಾರನ ಹೆಗಲಲ್ಲಿರುವ ವಸ್ತು, ಅಷ್ಟೇ. ಮದುವೆಯಾಗಿ ಸೊರಬ ತಾಲ್ಲೂಕಿಗೆ, ಕುಪ್ಪಗಡ್ಡೆಯಿಂದ ಆಚೆಗಿನ ಈ ಊರಿಗೆ ಬಂದ ಮೇಲೆ ಅದನ್ನು ಕೋವಿ ಎನ್ನುತ್ತಾರೆ, ಅದಕ್ಕೆ ನಡುಮನೆಯಲ್ಲಿ ಒಂದು ಜಾಗ ಇರುತ್ತದೆ ಎಂದು ಗೊತ್ತಾಯಿತು. ದೇವರ ಗೂಡಿನ ಪಕ್ಕದ ಗೋಡೆಗೆ ಎರಡು ಗೂಟ, ಗೂಟದ ಮೇಲೆ ಕೋವಿ. ಆಯುಧ ಪೂಜೆಯ ದಿನ ಅದಕ್ಕೆ ವಿಭೂತಿ, ಚೆಂಡು ಹೂವು. ನನ್ನ ಅಣ್ಣ ಮೊದಲ ಸಲ ಬಂದವನು ಅದನ್ನು ನೋಡಿ, ನನ್ನನ್ನು ಅಡುಗೆಮನೆಗೆ ಕರೆದು ಕೇಳಿದ್ದ: "ಇದನ್ಯಾಕ ಮನ್ಯಾಗ ಇಟ್ಕಂಡಾರವಾ? ಯಾರ ಮ್ಯಾಲೆ ಯುದ್ಧಕ್ಕ ಹೊಂಟಾರ?" ನಾನು ನಕ್ಕಿದ್ದೆ. ಆದರೆ ಆ ಪ್ರಶ್ನೆ ನನ್ನಲ್ಲೂ ಇತ್ತು.

ಯುದ್ಧ ಹಂದಿಯ ಮೇಲೆ. ಕಾಡುಹಂದಿ ಹೊಕ್ಕರೆ ಮೆಕ್ಕೆಜೋಳದ ಹೊಲ ಬೆಳಗಾಗುವುದರೊಳಗೆ ನೆಲಕ್ಕೆ ಮಲಗಿರುತ್ತದೆ. ಮಾವನವರದು ಬೆಳೆ ಕಾಯುವುದಕ್ಕೆಂದು ಕೊಟ್ಟ ಲೈಸೆನ್ಸು, ಅವರ ಅಪ್ಪನ ಕಾಲದ ಕೋವಿ. ಕೊಳವೆಯ ಬಾಯಿಯಿಂದ ಮದ್ದು, ಸೀಸದ ಚರೆ ತುಂಬಿ, ಮೇಲೆ ಕಿಡಿ ಹಾರಿಸುವ ಪುಟ್ಟ ಕೇಪು ಇಟ್ಟು ಹೊಡೆಯುವಂಥದ್ದು. ಅವರು ಹಂದಿ ಹೊಡೆದದ್ದನ್ನು ನಾನಂತೂ ನೋಡಿಲ್ಲ. ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಿದ್ದರು, ಆ ಸದ್ದಿಗೆ ನಮ್ಮ ಹೊಲವೂ ಉಳಿಯುತ್ತಿತ್ತು, ಪಕ್ಕದ ಕೆರಿಯಪ್ಪನವರ ಹೊಲವೂ ಉಳಿಯುತ್ತಿತ್ತು.

ಊರಿಂದ ಹೊರಗೆ, ಹೊಲದ ತಲೆಯಲ್ಲಿ ಇರುವುದು ಎರಡೇ ಮನೆ — ನಮ್ಮದು, ಕೆರಿಯಪ್ಪನವರದು. ನಮ್ಮಲ್ಲಿ ಪಕ್ಕದವರು ಅಂದರೆ ಅವರೇ, ಬೇರೆ ಯಾರೂ ಇಲ್ಲ. ನಡುವೆ ಬೇಲಿ, ಬೇಲಿಯಲ್ಲಿ ದಾಟಿ ಹೋಗಿಬರುವುದಕ್ಕೆ ಒಂದು ದಣಪೆ. ಆ ದಣಪೆ ದಾಟಿ ಅವರು ಸಂಜೆಗೆ ನಮ್ಮ ಜಗಲಿಗೆ ಬರುವುದು, ಎಲೆಅಡಿಕೆ ಹಾಕುವುದು, ಮಾವನವರ ಜತೆ ಜಗಳ ಆಡುವುದು. ಜಗಳ ಅಂದರೆ ಕೋವಿಯದೇ. "ಆ ಕೊಳವೆ ಹಿಡ್ಕಂಡು ಎಷ್ಟು ಹಂದಿ ಕಾಯ್ತೀಯ ಮಾರಾಯ? ಎಲ್ಲರೂ ಕೋವಿ ಸರ್ಕಾರಕ್ಕೆ ಒಪ್ಸಿ, ಊರು ಸುತ್ತ ಗಟ್ಟಿ ಬೇಲಿ ಹಾಕ್ಸಿಕೊಡಿ ಅಂತ ಕೂರ್ಬೇಕು," ಎಂದು ಕೆರಿಯಪ್ಪನವರು. "ಬೇಲಿ ಬರೋ ಹೊತ್ತಿಗೆ ನಿನ್ನ ಮೊಮ್ಮಕ್ಕಳ ಹಲ್ಲು ಉದುರಿರ್ತವೆ. ಅಲ್ಲೀವರೆಗೆ ಜೋಳ ಎಂತ ನಿನ್ ಬಾಯಿ ಕಾಯ್ತದಾ?" ಎಂದು ಮಾವನವರು. ಇಬ್ಬರೂ ನಗುತ್ತಿದ್ದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನಾನು ಮನಸ್ಸಿನಲ್ಲೇ ಕೆರಿಯಪ್ಪನವರ ಪರ ಕೈ ಎತ್ತುತ್ತಿದ್ದೆ. ಬಾಯಿ ಬಿಡುತ್ತಿರಲಿಲ್ಲ.

ಓಟು ಬಂತೆಂದರೆ ಕೋವಿಗಳನ್ನೆಲ್ಲ ಸ್ಟೇಷನ್ನಿನಲ್ಲಿ ಇಟ್ಟು ಬರಬೇಕು. ಊರಿನ ಅರ್ಧ ಜನ ಗೊಣಗುತ್ತಿದ್ದರು, ನಾವೇನು ಕಳ್ಳರಾ ಎಂದು. ಮಾವನವರು ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ಬಸ್ಸು ಹತ್ತುತ್ತಿದ್ದರು. ಕೋವಿ ಬೇಡ ಎನ್ನುವ ಕೆರಿಯಪ್ಪನವರೇ ಜತೆಗೆ ಹೋಗುತ್ತಿದ್ದರು. ಮರಳಿ ಬರುವಾಗ ಇಬ್ಬರೂ ಮಗಳನ್ನು ಗಂಡನ ಮನೆಗೆ ಬಿಟ್ಟು ಬಂದವರ ಹಾಗೆ ಇರುತ್ತಿದ್ದರು. ನನಗೆ ಮಾತ್ರ ಆ ಕೆಲವು ವಾರ ಕಣ್ತುಂಬ ನಿದ್ದೆ.

ಯಾಕೆ ಭಯ — ಅದನ್ನೂ ಹೇಳಬೇಕು. ಮಗಳು ಆಗ ಇನ್ನೂ ಶಾಲೆಗೆ ಸೇರಿರಲಿಲ್ಲ. ಒಂದು ಮಧ್ಯಾಹ್ನ ಮಾವನವರು ಕೋವಿ ಇಳಿಸಿ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತ ಕೂತಿದ್ದವರು, ಯಾರೋ ಕರೆದರೆಂದು ಅದನ್ನು ಜಗಲಿಯ ಕಂಬಕ್ಕೆ ಒರಗಿಸಿ ಹೋದರು. ನಾನು ಬಟ್ಟೆ ಒಣಗಿಸಿ ಬರುತ್ತೇನೆ, ಮಗು ಬೆಂಚಿನ ಮೇಲೆ ಹತ್ತಿ ಕೋವಿಯ ಬಾಯಿಗೆ ಕಿವಿ ಹಚ್ಚಿ ನಿಂತಿದ್ದಾಳೆ. "ಅಮ್ಮಾ, ಒಳಗೆ ಗುಂಯ್ ಅಂತೈತೆ!" ಎಂದಳು. ಕೋವಿ ತುಂಬಿಸಿಯೇ ಇತ್ತು, ಯಾವಾಗಲೂ ತುಂಬಿಸಿಯೇ ಇರುತ್ತಿತ್ತು. ನಾನು ಅವಳನ್ನು ಕಿತ್ತುಕೊಂಡು ಒಳಗೆ ಓಡಿದೆ. ಮಾವನವರು ಬಂದು ಜೇಬಿನಿಂದ ಕೇಪು ತೆಗೆದು ತೋರಿಸಿದರು. "ಇದಿಲ್ದೆ ಅದು ಬರೀ ಕಬ್ಬಿಣದ ಕೊಳವೆ ಮಾರಾಯ್ತಿ. ಹೆದರ್ತಾರಾ ಇದಕ್ಕೆ?" ಅವರು ಹೇಳಿದ್ದು ಸುಳ್ಳಲ್ಲ. ಆದರೆ ನನ್ನ ಕಣ್ಣಿಗೆ ಆ ಪುಟ್ಟ ಕಿವಿ ಮಾತ್ರ ಕಾಣುತ್ತಿತ್ತು. ನಮ್ಮನೆಯವರಿಗೆ ಹೇಳಿದೆ. "ಅಪ್ಪನ ಹತ್ರ ಯಾರು ಮಾತಾಡ್ತಾರೆ ಮಾರಾಯ್ತಿ," ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು.

ಅದೇ ವರ್ಷ ಲೈಸೆನ್ಸು ನವೀಕರಣಕ್ಕೆ ಬಂತು. ವಿಚಾರಿಸಿ ಹೋಗುವುದಕ್ಕೆಂದು ಸ್ಟೇಷನ್ನಿನಿಂದ ಒಬ್ಬ ಪೊಲೀಸಿನವರು ಬಂದರು. ಮನೆಯಲ್ಲಿ ನಾನೊಬ್ಬಳೇ. ಒಳ್ಳೆಯ ಮನುಷ್ಯ, ಅಂಗಳದಲ್ಲೇ ನಿಂತು ಮಜ್ಜಿಗೆ ಕುಡಿದರು. ಕೇಳಬೇಕಲ್ಲ ಎಂದು ಕೇಳಿದರು: "ಕೋವಿ ಬಗ್ಗೆ ತಕರಾರು ಗಿಕರಾರು ಏನಾರ ಐತೇನ್ರೀ ಅಮ್ಮ?"

ನಮ್ಮಲ್ಲಿ ಸೊಸೆಯಾದವಳು ತನ್ನ ಮಾತನ್ನು ತನ್ನ ಹೆಸರಲ್ಲಿ ಆಡುವುದಿಲ್ಲ. ತವರಿಗೆ ಹೋಗಬೇಕು ಅನ್ನಿಸಿದರೆ ಅಣ್ಣ ಕರೆದಿದ್ದಾನೆ ಎನ್ನಬೇಕು. ಹೊಸ ಸೀರೆ ಬೇಕಾದರೆ ಜನ ಏನಂತಾರೆ ಎನ್ನಬೇಕು. ಅತ್ತೆ ಮಾಡಿದ ಸಾರಿಗೆ ಉಪ್ಪು ಹೆಚ್ಚಾದರೆ ಮಗು ಉಣ್ಣಲಿಲ್ಲ ಎನ್ನಬೇಕು. ನನಗೂ ಅದು ರೂಢಿಯಾಗಿತ್ತು. ಆದರೂ ಇದನ್ನು ನೆಪ ಮಾಡಿಕೊಳ್ಳುವುದಿಲ್ಲ — ನನ್ನ ಓರಗಿತ್ತಿಯರೂ ಹಾಗೇ ಮಾತಾಡಿದವರು, ಅವರಿಂದ ಯಾರ ಮನೆಯೂ ಕೆಡಲಿಲ್ಲ.

"ನಮ್ದೇನಿಲ್ರೀ," ಎಂದೆ. "ಆದ್ರೆ ಪಕ್ಕದವರಿಗೆ ಭಯ ಐತ್ರಿ. ಬಾಯಿ ಬಿಟ್ಟು ಹೇಳಲ್ಲ ಅಷ್ಟೇ. ಹಿರಿಯರಿಗೆ ಸಿಟ್ಟು ಜಾಸ್ತಿ ನೋಡ್ರಿ, ಕೋವಿ ತುಂಬ್ಸೇ ಇಟ್ಟಿರ್ತಾರೆ."

"ಯಾವ ಪಕ್ಕದವ್ರು?"

ನಾನು ಹೆಸರು ಹೇಳಲಿಲ್ಲ. ಗದ್ದ ಎತ್ತಿ ಕೆರಿಯಪ್ಪನವರ ಮನೆಯ ಹೆಂಚಿನ ಮಾಡಿನ ಕಡೆ ತೋರಿಸಿದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ — "ಅವರನ್ನ ಹೋಗಿ ಕೇಳ್ಬ್ಯಾಡ್ರಿ, ಎರಡು ಮನೆಗೆ ಕೆಡ್ತದೆ," ಎಂದೆ. ಎಷ್ಟು ಕಾಳಜಿ ನನಗೆ! ಪೊಲೀಸಿನವರು ತಲೆಯಾಡಿಸಿ, ಲೋಟ ಕೊಟ್ಟು, ಬೈಕು ಹತ್ತಿ ಹೋದರು.

ಹೀಗಾಗುತ್ತದೆ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೋವಿ ಹೋಗಲಿ ಎಂದೇ ಹೇಳಿದ್ದು. ತುಂಬಿಸಬೇಡಿ ಎಂದು ಪೊಲೀಸರು ಬರೀ ಎಚ್ಚರಿಕೆ ಕೊಟ್ಟು ಬಿಡಬಹುದು ಎಂದುಕೊಂಡಿದ್ದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡದ್ದುಂಟು. ಅದೂ ಸುಳ್ಳು.

ಕೆಲವು ತಿಂಗಳಾದ ಮೇಲೆ ಮಾವನವರು ಸೊರಬಕ್ಕೆ ಕೋವಿ ತೆಗೆದುಕೊಂಡು ಹೋದರು, ಬರಿಗೈಯಲ್ಲಿ ಬಂದರು. ಚಪ್ಪಲಿ ಕಳಚದೆ ಜಗಲಿಯ ಮೇಲೆ ಕೂತರು. ಅತ್ತೆ ನೀರು ಕೊಟ್ಟರೆ ಮುಟ್ಟಲಿಲ್ಲ. "ನವೀಕರಣ ಆಗಲ್ವಂತೆ. ನೆರೆಯವರ ತಕರಾರು ಐತೆ ಅಜ್ಜ ಅಂದ್ರು," ಎಂದರು. ಎಲ್ಲರ ಕಣ್ಣೂ ಬೇಲಿಯಾಚೆಗೆ ಹೋಯಿತು. ದಿನಾ ಸಂಜೆ ಇದೇ ಜಗಲಿಯಲ್ಲಿ ಕೂತು ಕೋವಿ ಸರ್ಕಾರಕ್ಕೆ ಒಪ್ಪಿಸು ಎನ್ನುತ್ತಿದ್ದವರು ಯಾರು? "ಬಾಯಲ್ಲಿ ಆಡಿದ್ನ ಕೈಯಲ್ಲೂ ಮಾಡಿಬಿಟ್ಟ," ಎಂದರು ಮಾವ. ಸಿಟ್ಟಿನ ದನಿಯಲ್ಲ ಅದು. ಸಿಟ್ಟಾಗಿದ್ದರೆ ಇಳಿಯುತ್ತಿತ್ತೇನೋ.

ಆಗ ನನ್ನದು ಒಂದು ಮಾತು ಸಾಕಿತ್ತು. ಹಂಚಿನ ಮೇಲೆ ರೊಟ್ಟಿ ಇತ್ತು, ಅದನ್ನು ಮಗುಚಿದೆ.

ತನ್ನ ಅಭಿಪ್ರಾಯವನ್ನು ಎದುರಿಗೇ, ನಗುನಗುತ್ತ ಹೇಳಿದ ಮನುಷ್ಯ ದ್ರೋಹಿಯಾದ. ಅದೇ ಅಭಿಪ್ರಾಯವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡವಳು ಒಳ್ಳೆಯ ಸೊಸೆಯಾಗಿ ಉಳಿದಳು. ಮಾರನೆಯ ದಿನ ಮಾವನವರೇ ದಣಪೆಗೆ ಮುಳ್ಳು ಬಡಿದು ಮುಚ್ಚಿದರು. ಕೆರಿಯಪ್ಪನವರು ಆಚೆಯಿಂದ, "ಎಂತ ಆಯ್ತು ಮಾರಾಯ? ಯಾರೋ ಏನೋ ಅಂದ್ರೆ ನನ್ನೇ ಕೇಳೋದಲ್ವಾ?" ಎಂದು ಕೂಗಿದರು. ಮಾವನವರು ತಲೆ ಎತ್ತಲಿಲ್ಲ. ಕೆರಿಯಪ್ಪನವರು ಇನ್ನೂ ಎರಡು ಮೂರು ಸಲ ಬೇರೆಯವರ ಕೈಲಿ ಹೇಳಿ ಕಳಿಸಿದರು, ಆಣೆ ಮಾಡುತ್ತೇನೆ ಎಂದರು. ಆಣೆಯನ್ನು ನಂಬುವವರು ಯಾರೂ ಇರಲಿಲ್ಲ. ಕೊನೆಗೆ ಅವರೂ ಸುಮ್ಮನಾದರು. ಕೋವಿ ಹಿಡಿಸಿದ ಕೆರಿಯಪ್ಪ ಎಂದೇ ಹೆಸರು ನಿಂತಿತು.

ಕೋವಿ ಹೋದ ಮೇಲೆ ಏನಾಯಿತು ಎಂದು ನೀವು ಕೇಳಬಹುದು. ಮನೆಯಲ್ಲಿ ನನ್ನ ಭಯ ಹೋಯಿತು, ನಿಜ. ಹೊಲದಲ್ಲಿ ಹಂದಿಯ ಭಯ ಹೋಯಿತು — ಹಂದಿಗೆ. ಮಾವನವರು ಡಬ್ಬ ಬಡಿದುಕೊಂಡು ಹೊಲ ಕಾದರು. ಅತ್ತ ಕಡೆ ಕೆರಿಯಪ್ಪನವರೂ ಡಬ್ಬ ಬಡಿದರು. ಒಟ್ಟಿಗೆ ಕೂತು ಕಾಯುತ್ತಿದ್ದ ಇಬ್ಬರು ಮುದುಕರು ಎರಡು ಮೂಲೆಯಲ್ಲಿ. ಕೋವಿ ಇದ್ದರೆ ಬೆಳೆ ಉಳಿಯುತ್ತಿತ್ತು ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಅದು ಇರಬಾರದು ಎನ್ನುವ ನನ್ನ ಮಾತನ್ನೂ ಬಿಡುವುದಿಲ್ಲ. ಇವತ್ತಿಗೂ ಬಿಟ್ಟಿಲ್ಲ. ನನ್ನ ತಪ್ಪು ಕೋವಿ ಬೇಡ ಎಂದದ್ದರಲ್ಲಿ ಇರಲಿಲ್ಲ. ಬೇಡ ಎನ್ನುವುದಕ್ಕೆ ಇನ್ನೊಬ್ಬರ ಬಾಯಿ ಎರವಲು ತಂದೆನಲ್ಲ, ಅದು ತಪ್ಪು.

ಹೋದ ವರ್ಷ ಬೇಸಿಗೆಯಲ್ಲಿ ಮಾವನವರು ತೀರಿಕೊಂಡರು. ಅಂಗಳದಲ್ಲಿ ಅವರನ್ನು ಕೂರಿಸಿದ್ದೆವು, ಊರೆಲ್ಲ ಬಂದು ಹೂವು ಹಾಕುತ್ತಿತ್ತು. ಬೇಲಿಯಾಚೆ ಕೆರಿಯಪ್ಪನವರು ನಿಂತಿದ್ದರು. ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಯಾರೂ ಬಾ ಎನ್ನಲಿಲ್ಲ. ಆಮೇಲೆ ಹೊಲದಲ್ಲಿ ಮಣ್ಣು ಮಾಡುವಾಗಲೂ ದೂರದ ಬದುವಿನ ಮೇಲೆ ಅವರು ಇದ್ದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು, ಅವರಿಗೆ ಅದು ಸಿಗಲಿಲ್ಲ. ನಾನು ಅವರನ್ನು ನೋಡಿದೆ. ಅಲ್ಲಿದ್ದವರಲ್ಲಿ ಅವರನ್ನು ಕರೆಯುವ ಋಣ ಇದ್ದವಳು ನಾನೊಬ್ಬಳೇ. ಬಂದವರಿಗೆ ಚಹಾ ಆಗಬೇಕೆಂದು ಮನೆಗೆ ತಿರುಗಿ ಬಂದೆ. ಸುಳ್ಳು ಹೇಳಿದ ದಿನಕ್ಕಿಂತ ಮಣ್ಣು ಮಾಡಿದ ದಿನ ನನ್ನನ್ನು ಹೆಚ್ಚು ತಿನ್ನುತ್ತದೆ. ಸುಳ್ಳು ಹೇಳಿದಾಗ ಭಯವಾದರೂ ಇತ್ತು. ಈ ಸಲ ಅದೂ ಇರಲಿಲ್ಲ.

ಈಚೆಗೆ ನಮ್ಮನೆಯವರು ತಮ್ಮ ಹೆಸರಿಗೆ ಹೊಸದಾಗಿ ಲೈಸೆನ್ಸು ಕೇಳುವ ಯೋಚನೆಗೆ ಬಿದ್ದರು. ಹಂದಿ ಕಾಟ ಮಿತಿಮೀರಿದೆ, ಬೇಲಿಗೆ ಕರೆಂಟು ಹರಿಸಿ ಜನ ದನ ಸಾಯಿಸುವುದಕ್ಕಿಂತ ಕೋವಿ ವಾಸಿ ಎನ್ನುತ್ತಾರೆ. ಆ ಮಾತೂ ತೆಗೆದುಹಾಕುವಂಥದ್ದಲ್ಲ. ಮೊನ್ನೆ ಊಟಕ್ಕೆ ಕೂತಾಗ, "ಮತ್ತೆ ಆ ಕೆರಿಯಪ್ಪ ತಕರಾರು ತೆಗಿದಿದ್ರೆ ಸಾಕು. ಅಪ್ಪನ್ನ ಕೊರಗ್ಸಿ ಕೊಂದದ್ದು ಸಾಲ್ದಾ ಅವ್ನಿಗೆ," ಎಂದರು. ಸಾರು ಬಡಿಸುತ್ತಿದ್ದ ನಾನು ಸೌಟು ಕೆಳಗಿಟ್ಟೆ.

"ತಕರಾರು ಅವರದ್ದಲ್ಲ, ನಂದು," ಎಂದೆ. "ಆವತ್ತು ಪೊಲೀಸಿನವರಿಗೆ ಹೇಳಿದ್ದು ನಾನು. ಈಗ ಬಂದು ಕೇಳಿದ್ರೂ ಬೇಡ ಅಂತೀನಿ. ನನ್ನ ಹೆಸರು ಹೇಳೇ ಅಂತೀನಿ."

ಅವರು ನನ್ನ ಮುಖವನ್ನೇ ನೋಡಿದರು. ಊಟ ಅರ್ಧಕ್ಕೇ ಬಿಟ್ಟು ಎದ್ದರು. ಇವತ್ತಿನವರೆಗೂ ಸರಿಯಾಗಿ ಮಾತಾಡಿಲ್ಲ. ಆಡಲಿ ಎಂದು ನಾನು ಕೇಳಿಯೂ ಇಲ್ಲ.

ಮಾರನೆಯ ದಿನ ರಸ್ತೆ ಸುತ್ತಿಕೊಂಡು ಕೆರಿಯಪ್ಪನವರ ಮನೆಗೆ ಹೋದೆ. ಅಂಗಳದಲ್ಲಿ ಕೂತು ಬೀಜಕ್ಕೆಂದು ಜೋಳದ ತೆನೆ ಬಿಡಿಸುತ್ತಿದ್ದರು. ತುಂಬ ಇಳಿದುಹೋಗಿದ್ದಾರೆ, ದೂರದಿಂದ ನೋಡುವಾಗ ಗೊತ್ತಾಗಿರಲಿಲ್ಲ. "ಬಾರವ್ವ," ಎಂದರು, ಯಾಕೆ ಬಂದೆ ಎಂದು ಕೇಳಲಿಲ್ಲ, ಕೂರುವುದಕ್ಕೆ ಚಾಪೆ ಸರಿಸಿದರು. ಅವರ ಹೆಂಡತಿ ಹುಚ್ಚಮ್ಮ ಬಾಗಿಲಲ್ಲೇ ನಿಂತರು. ನಾನು ಎಲ್ಲ ಹೇಳಿದೆ — ಮಜ್ಜಿಗೆ, ಪೊಲೀಸಿನವರು, ಗದ್ದ ಎತ್ತಿ ತೋರಿಸಿದ್ದು, ಅವರನ್ನು ಕೇಳಬೇಡಿ ಎಂದದ್ದು. ಹುಚ್ಚಮ್ಮ, "ಅಯ್ಯೋ ಶಿವನೇ," ಎಂದು ಒಳಗೆ ಹೋದರು.

ಕೆರಿಯಪ್ಪನವರ ಕೈ ತೆನೆ ಬಿಡಿಸುತ್ತಲೇ ಇತ್ತು. ಬೈಯುತ್ತಾರೆ, ಬೈಯಲಿ, ಕೇಳಿಸಿಕೊಂಡು ಬರೋಣ ಎಂದು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಊರ ಹಿರಿಯರ ಮುಂದೆ ಬಂದು ಹೇಳು ಎಂದರೆ ಅದಕ್ಕೂ ತಯಾರಾಗಿದ್ದೆ. ಅವರು ಅದೊಂದೂ ಕೇಳಲಿಲ್ಲ. ತಲೆ ಎತ್ತಿದರು.

"ಹಂಗಾದ್ರೆ ಅವ್ನು... ಸಾಯೋವರೆಗೂ ನಾನೇ ಮಾಡ್ದೆ ಅಂತ್ಲೇ ತಿಳ್ಕಂಡಿದ್ನೇನವ್ವ?"

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಕೊನೆಗಾಲದಲ್ಲಿ ನಿಮ್ಮನ್ನು ನೆನೆಸುತ್ತಿದ್ದರು ಎನ್ನಬಹುದಿತ್ತು. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಹೋದರು ಎನ್ನಬಹುದಿತ್ತು. ಸತ್ತವರ ಬಾಯಲ್ಲಿ ಒಂದು ಒಳ್ಳೆಯ ಮಾತು ಇಟ್ಟರೆ ಯಾರಿಗೆ ನಷ್ಟ? ಆ ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.

"ಹೌದು," ಎಂದೆ.

ಅವರು ಕೈಯಲ್ಲಿದ್ದ ತೆನೆಯನ್ನು ಬುಟ್ಟಿಗೆ ಹಾಕಿದರು. ಮೊಣಕಾಲಿನ ಮೇಲಿದ್ದ ಸಿಪ್ಪೆ ಕೊಡವಿದರು.

"ಸರಿ. ನೀ ಮನೆಗೆ ನಡಿಯವ್ವ," ಎಂದರು.

ನಾನು ಎದ್ದು ಬಂದೆ.