ಎರಡನೆಯ ಹಾಳೆಯ ಹುಡುಗಿ

ನಾನು ಶಾಲೆ ಬಿಟ್ಟದ್ದು 1971ರಲ್ಲಿ, ಏಳನೆಯ ಇಯತ್ತೆಯ ಪರೀಕ್ಷೆಗೆ ಎರಡು ತಿಂಗಳಿರುವಾಗ. ಅಪ್ಪ ಗೌಂಡಿ. ಕಟ್ಟುತ್ತಿದ್ದ ಗೋಡೆಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ, ಗಾರೆ ಬಳಿಯುವ ಅವನ ಕರಣಿ ನನ್ನ ಕೈಗೆ ಬಂತು. ನಮ್ಮ ಮನೆಮಾತು ಮರಾಠಿ. ನಿಪ್ಪಾಣಿಯಲ್ಲಿ ನಾಲ್ಕನೆಯವರೆಗೆ ಮರಾಠಿ ಶಾಲೆ, ಆಮೇಲೆ ಅಕ್ಕೋಳದಲ್ಲಿ ಕನ್ನಡ. ಎರಡೂ ಓದಬಲ್ಲೆ, ಎರಡೂ ಮುತ್ತು ಪೋಣಿಸಿದಂತೆ ಬರೆಯಬಲ್ಲೆ. ನನ್ನ ಜೊತೆ ಕೂತು ಓದಿ ಮ್ಯಾಟ್ರಿಕ್ ಪಾಸಾದವರೂ ಅರ್ಜಿ ಬರೆಸಲು ನನ್ನ ಹತ್ತಿರವೇ ಬರುತ್ತಿದ್ದರು. ನಾನು ಕಟ್ಟಿದ ಗೋಡೆಗೆ ತೂಗುಗುಂಡು ಬಿಟ್ಟು ನೋಡುವುದು ಬೇಡ, ನಾನು ಬರೆದದ್ದನ್ನು ಎರಡನೆಯ ಸಲ ಓದುವುದು ಬೇಡ ಎಂದು ಹೇಳಿಕೊಂಡೇ ತಿರುಗುತ್ತಿದ್ದೆ.

ಹದಿನೇಳು ವರ್ಷ ಹೀಗೇ ಹೋಯಿತು. ಆ ಮಳೆಗಾಲ ಕೃಷ್ಣೆ ವಿಪರೀತ ಏರಿದಳು. ಅಂಕಲಿಯ ಹತ್ತಿರ ಎತ್ತರದ ಒಂದು ಊರಿನಲ್ಲಿ ನನ್ನ ಕೆಲಸ ನಡೆದಿತ್ತು. ಹೆಂಡತಿ ಶಾಂತಾ ಜೊತೆಗಿದ್ದಳು. ಅವಳು ಹಾರೂಗೇರಿಯವಳು, ಕನ್ನಡದ ಮನೆಯವಳು. ಮದುವೆಯಾಗಿ ಆರು ವರ್ಷವಾದರೂ ನಮಗೆ ಮಕ್ಕಳಿರಲಿಲ್ಲ.

ಹೊಳೆದಂಡೆಯ ತೋಟದ ಮನೆಗಳಿಗೆ ನೀರು ನುಗ್ಗಿದಾಗ ಅಲ್ಲಿಯ ಜನರನ್ನು ನಾವೆಯಲ್ಲಿ ತಂದು ಈ ಊರಿನ ಶಾಲೆಯಲ್ಲಿ ಇಳಿಸಿದರು. ಮೊದಲು ಮಕ್ಕಳನ್ನು ಕಳಿಸಿದ್ದರು. ಅಷ್ಟರಲ್ಲಿ ಸೆಳವು ಜೋರಾಗಿ, ಹಿಂದಿನ ನಾವೆಗಳು ಆಚೆ ದಂಡೆಗೆ, ಅಥಣಿ ಕಡೆಗೆ ಹೋಗಿ ಸೇರಿದವು. ಹಾಗಾಗಿ ಮಕ್ಕಳು ಈಚೆ, ಹೆತ್ತವರು ಆಚೆ.

"ಗೌಂಡಿ, ನಾಲ್ಕ ದೊಡ್ಡ ಒಲಿ ಕಟ್ಟಿಕೊಡಪಾ. ಹುಡುಗೂರು ಹಸದಾವ" ಎಂದು ಹೆಡ್ ಮಾಸ್ತರರು ಕರೆದರು. ಒಲೆ ಕಟ್ಟಿದೆ. ಶಾಂತಾ ಅಲ್ಲೇ ರೊಟ್ಟಿ ಬಡಿಯಲು ಕೂತಳು. ಕೈ ತೊಳೆಯುತ್ತಿದ್ದಾಗ ಮಾಸ್ತರರು ಮತ್ತೆ ಬಂದರು. "ಇದರಾಗ ಮರಾಠಿ ಮಕ್ಕಳೂ ಅದಾವ, ಕನ್ನಡದವೂ ಅದಾವ. ಎರಡೂ ಬರಾವ್ರು ಯಾರರೆ ಅದೀರೇನು?"

"ನಾ ಅದೀನ್ರಿ" ಎಂದೆ. ಎದೆ ಉಬ್ಬಿಸಿಯೇ ಎಂದೆ.

ಎರಡು ಹಾಳೆ ಮಾಡಬೇಕಿತ್ತು. ಹೆತ್ತವರು ಇದ್ದು ತಪ್ಪಿಸಿಕೊಂಡ ಮಕ್ಕಳ ಹೆಸರು ಮೊದಲನೆಯ ಹಾಳೆಯಲ್ಲಿ. ಅದನ್ನು ದಿನಾಲು ಪೊಲೀಸರ ವಾಯರ್‌ಲೆಸ್ಸಿನಲ್ಲಿ ಆಚೆ ದಂಡೆಗೆ ಓದಿ ಹೇಳುತ್ತಿದ್ದರು. ಅಪ್ಪ ಅವ್ವ ಇಬ್ಬರೂ ಇಲ್ಲದವರ ಹೆಸರು ಎರಡನೆಯ ಹಾಳೆಯಲ್ಲಿ. ಅದನ್ನು ಚಿಕ್ಕೋಡಿಯ ಕಚೇರಿಯ ಸಾಹೇಬರು ಬಂದಾಗ ಕೊಡಬೇಕಿತ್ತು. ಅವರ ಜೀಪು ಆ ಮಕ್ಕಳನ್ನು ಶಹರದ ಅನಾಥಾಲಯಕ್ಕೆ ಒಯ್ಯುತ್ತದೆ ಎಂದಿದ್ದರು.

ಏಳೆಂಟು ಮರಾಠಿ ಮಕ್ಕಳನ್ನು ಕೇಳಿ ಬರೆದ ಮೇಲೆ ಐದು ವರ್ಷದ ಒಬ್ಬ ಹುಡುಗಿ ಮುಂದೆ ಬಂದಳು. ತೋಯ್ದ ಲಂಗ, ಕೆದರಿದ ಕೂದಲು. ಹೆಸರು ಕಸ್ತೂರಿ ಎಂದಳು. ಅಷ್ಟು ಹೊತ್ತು ಕೇಳಿದ್ದೇ ನನ್ನ ಬಾಯಿಗೆ ಬಂತು.

"ನಿಮ್ಮ ಆಯಿ ಎಲ್ಲೆದಾಳವಾ?"

"ಆಯಿ ನೀರಾಗ ಹೋದ್ಳು. ಎಮ್ಮಿ ಬಿಚ್ಚಾಕ ಹೋಗಿದ್ಳು. ನಾ ನಾವ್ಯಾಗಿಂದ ನೋಡಿದ್ನಿ."

"ಅಪ್ಪ?"

"ಅಪ್ಪ ಇಲ್ಲ."

ಎರಡನೆಯ ಹಾಳೆಯಲ್ಲಿ ಅವಳ ಹೆಸರು ಬರೆದೆ. ಅಕ್ಷರ ಎಂದಿನಂತೆ ನೆಟ್ಟಗೇ ಬಂದವು. ಅಂದಿನಿಂದ ಹುಡುಗಿ ಬಾಯಿ ಬಿಡಲಿಲ್ಲ. ಯಾರಾದರೂ ಕೇಳಲು ಹೋದರೆ ನಾನೇ ಅಡ್ಡ ಹೋಗುತ್ತಿದ್ದೆ. "ಆ ಕೂಸಿಗೆ ಅದನ್ನ ಕೇಳಬ್ಯಾಡ್ರಿ. ನಾ ಕೇಳಿ ಬರದೀನಿ, ಆತು." ಅದು ದಯೆ ಎಂದುಕೊಂಡಿದ್ದೆ.

ಶಾಂತಾ ಅವಳನ್ನು ಒಲೆಯ ಬದಿಗೆ ಕೂಡಿಸಿಕೊಂಡಳು. ಬಿಸಿ ರೊಟ್ಟಿ ಮುರಿದು ಹಾಲಿನಲ್ಲಿ ಕಲಸಿ ತಿನ್ನಿಸಿದಳು, ಹೇನು ತೆಗೆದಳು. ಮೂರನೆಯ ದಿನ ನಾನು ಮಾಸ್ತರರಿಗೆ, "ಆ ಹುಡುಗಿನ್ನ ಜೀಪಿನ್ಯಾಗ ಕಳಸಬ್ಯಾಡ್ರಿ. ನಮಗ ಕೊಡ್ರಿ. ನನ್ನ ರಟ್ಟ್ಯಾಗ ಕಸುವು ಐತಿ, ಸಾಕತೀನಿ" ಎಂದೆ. "ಸಾಹೇಬರು ಬಂದಾಗ ಕೇಳೂನು" ಎಂದರು ಅವರು. ಆ ಸುದ್ದಿ ಹೇಳಿದಾಗ ಶಾಂತಾಳ ಹಿಟ್ಟು ನಾದುತ್ತಿದ್ದ ಕೈ ನಿಂತಿತು.

ಐದನೆಯ ದಿನ ಬೆಳಿಗ್ಗೆ ಜೀಪು ಬರುವುದಿತ್ತು. ನಾನು ಹೊಸ ಬನಿಯನ್ ಹಾಕಿಕೊಂಡು, ಸಾಹೇಬರ ಮುಂದೆ ಏನು ಮಾತಾಡಬೇಕು ಎಂದು ಲೆಕ್ಕ ಹಾಕುತ್ತ ನಿಂತಿದ್ದೆ. ಶಾಂತಾ ಹುಡುಗಿಯ ಕೈ ಹಿಡಿದುಕೊಂಡು ಬಂದಳು. ಮುಖ ಬಿಳಚಿಕೊಂಡಿತ್ತು.

"ರೀ, ಇಕಿ ಮಾತಾಡಿದ್ಳು."

"ಚಲೋ ಆತಲ್ಲ. ಏನಂದ್ಳು?"

"ಹೆಳಲು ಹಾಕಕೋತ ನಾ ಕೇಳಿದ್ನಿ, 'ನಾ ನಿನಗ ಅವ್ವ ಆಗಲೇನು?' ಅಂತ. 'ನಂಗ ಅವ್ವ ಅದಾಳಲ್ಲ' ಅಂದ್ಳು."

ನನಗೆ ಸಿಟ್ಟು ಬಂತು. "ಸಣ್ಣ ಕೂಸು, ಅದಕ್ಕೇನ ತಿಳೀತೈತಿ? ನಾ ಸ್ವತಾ ಕೇಳಿ ಬರದೀನಿ. ಆಯಿ ನೀರಾಗ ಹೋದ್ಳು ಅಂತ ತಾನ ಹೇಳ್ಯಾಳ."

ಶಾಂತಾ ಹುಡುಗಿಯನ್ನು ಹತ್ತಿರ ಎಳೆದುಕೊಂಡಳು. "ನಮ್ಮ ಮದಿವ್ಯಾಗ ಏನ ಮಾಡಿದ್ರಿ, ನೆನಪೈತಿ? 'ಆಯಿ ಕಾಲಿಗೆ ಬೀಳ್ರಿ' ಅಂದ್ರ ಬಿದ್ದು ಎದ್ದು, 'ನಮ್ಮ ಅತ್ತಿಗೆ ಇಷ್ಟ ವಯಸ್ಸಾಗೈತೇನು' ಅಂತ ಕೇಳಿದ್ರಿ. ಹಂದರದಾಗಿನ ಮಂದಿ ಎಲ್ಲಾ ನಕ್ಕಿತ್ತು."

ನಮ್ಮ ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಅವರ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ಹುಡುಗಿಯ ಎದುರು ಕುಕ್ಕರಗಾಲಿನಲ್ಲಿ ಕೂತೆ.

"ಅವ್ವ ಎಲ್ಲೆದಾಳವಾ?"

"ಆ ಕಡೆ. ಹಿಂದಿನ ನಾವ್ಯಾಗ ಬರತೇನಿ ಅಂದಾಳ."

"ಅಪ್ಪ?"

"ಇಚಲಕರಂಜ್ಯಾಗ. ಮಗ್ಗಕ್ಕ ಹೋಗ್ಯಾನ."

ಶಾಂತಾ ಆ ಮಾತು ನನ್ನ ಕಿವಿಗೆ ಹಾಕದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆರು ವರ್ಷ ಊರ ದೇವರಿಗೆಲ್ಲ ಹರಕೆ ಹೊತ್ತವಳು ಅವಳು.

ಓಡಿಹೋಗಿ ಮಾಸ್ತರರಿಗೆ ಹೇಳಿದೆ. ಜೀಪಿನ ಸಾಹೇಬರ ಎದುರೇ ಎರಡನೆಯ ಹಾಳೆಯಲ್ಲಿ ಕಸ್ತೂರಿಯ ಹೆಸರು ಹೊಡೆದು ಹಾಕಿದೆ. "ಬರದಾವ್ರು ಯಾರು?" ಎಂದು ಅವರು ಕೇಳಿದರು. "ನಾನ್ರಿ." "ಎಷ್ಟು ಓದೀರಿ?" "ಆರು." ಅವರು ಹಾಳೆಯನ್ನು ನನ್ನ ಕೈಗೇ ಮರಳಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಕಚೇರಿಗಾಗಿ ಆ ಹಾಳೆಯನ್ನು ಹೊಸದಾಗಿ ಬರೆದುಕೊಟ್ಟು, ಕೆಟ್ಟದ್ದನ್ನು ಜೇಬಿಗೆ ಹಾಕಿಕೊಂಡೆ.

ಅಷ್ಟೊತ್ತಿಗೆ ನೀರು ಇಳಿದು ಸೇತುವೆಯ ಮೇಲೆ ಬಸ್ಸು ಬಿಟ್ಟಿದ್ದರು. "ನೀನೂ ಬಾ" ಎಂದೆ ಶಾಂತಾಗೆ. "ನಾ ಬರಂಗಿಲ್ಲ. ಬಂದ್ರ ಬಿಟ್ಟು ಬರಾಕ ಆಗಂಗಿಲ್ಲ" ಎಂದು ಒಲೆಗೆ ಕಟ್ಟಿಗೆ ಒಟ್ಟಲು ಹೋದಳು.

ಆಚೆ ದಂಡೆಯ ಆಸರೆ ಒಂದು ಗೋದಾಮಿನಲ್ಲಿತ್ತು. ಬಾಗಿಲಲ್ಲೇ ಒಬ್ಬ ಹೆಣ್ಣುಮಗಳು ಕಂಬಕ್ಕೆ ಆತು ಕೂತಿದ್ದಳು. ದಿನಾಲು ಹೆಸರು ಓದುವ ಜಾಗ ಅದೇ ಎಂದು ಆಮೇಲೆ ಗೊತ್ತಾಯಿತು. ಕಸ್ತೂರಿ ನನ್ನ ಕೈ ಬಿಡಿಸಿಕೊಂಡಳು. ಆ ತಾಯಿ ಕೂಗಲಿಲ್ಲ, ಅಳಲಿಲ್ಲ. ಮಗಳ ತಲೆ ಮೂಸಿ ನೋಡಿದಳು.

"ಎಣ್ಣಿ ಯಾರ ಹಚ್ಯಾರ?"

"ನನ್ನ ಹೆಂಡ್ತಿ" ಎಂದೆ. ಆಮೇಲೆ ಎಲ್ಲ ಹೇಳಿದೆ. ಅವಳು ಸತ್ತಿದ್ದಾಳೆ ಎಂದು ನಾನೇ ಬರೆದದ್ದು, ಅದಕ್ಕೇ ಐದು ದಿನ ಮಗಳ ಹೆಸರು ಅವಳ ಕಿವಿಗೆ ಬೀಳದೆ ಹೋದದ್ದು. ಕಪಾಳಕ್ಕೆ ಬೀಳಬಹುದು ಎಂದು ಕಾದೆ.

"ಐದ ದಿನ ನಾ ಸತ್ತಾಂಗ ಇದ್ನೆಪಾ" ಎಂದಳು. "ನೀನೂ ಹಂಗ ಬರದಿ. ಹೊಂದೇತಿ ಬಿಡು."

ಆಮೇಲೆ ನನ್ನ ಬೆನ್ನ ಹಿಂದೆ ನೋಡಿದಳು. ಬಸ್ಸಿನಿಂದ ಇನ್ನೂ ಯಾರೋ ಇಳಿಯಬೇಕು ಎಂಬಂತೆ. ಮಗಳನ್ನು ಕೇಳಿದಳು, "ಆಯಿ ಎಲ್ಲೆದಾಳ? ನಿನ್ನ ಕೂಡನ ನಾವ್ಯಾಗ ಹತ್ತಿದ್ಳಲ್ಲ?"

ಕಸ್ತೂರಿ ತುಟಿ ಕಚ್ಚಿಕೊಂಡು ನನ್ನ ಮುಖ ನೋಡಿದಳು. ಅವಳು ಹೇಳಬೇಕಾದ್ದನ್ನು ಐದು ದಿನದ ಹಿಂದೆಯೇ ನನಗೆ ಹೇಳಿ ಮುಗಿಸಿದ್ದಳು. ಅದನ್ನು ಸರಿಯಾಗಿ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಉಳಿದಿತ್ತು.

"ತಂಗಿ" ಎಂದೆ, "ಇಕಿ ಆಯಿ ಎಮ್ಮಿ ಬಿಚ್ಚಾಕ ಇಳದಿದ್ರಂತ. ಮತ್ತ ಮ್ಯಾಲೆ ಬರಲಿಲ್ಲಂತ. ಕೂಸು ನೋಡೇತಿ."

ಆಗ ಅವಳು ಅತ್ತಳು. ನಾನೂ ಅತ್ತೆ. ಅಪ್ಪನ ಸೊಂಟ ಮುರಿದಾಗಲೂ ನನ್ನ ಕಣ್ಣಲ್ಲಿ ನೀರು ಬಂದಿರಲಿಲ್ಲ.

ಸಂಜೆ ನಾನೊಬ್ಬನೇ ಮರಳಿ ಬಂದೆ. ಶಾಂತಾ "ಸಿಕ್ಕಳೇನು?" ಎಂದಳು. "ಸಿಕ್ಕಳು" ಎಂದೆ. ಅವಳು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಕಸ್ತೂರಿ ಈಗ ಹೈಸ್ಕೂಲಿನಲ್ಲಿ ಓದುತ್ತಾಳೆ. ನಾಗರಪಂಚಮಿಗೆ ಅವಳ ತಾಯಿ ಉಂಡಿ ಕಟ್ಟಿ ಅವಳ ಕೈಯಲ್ಲಿ ಕಳಿಸುತ್ತಾಳೆ. ಶಾಂತಾ ಅವಳಿಗೆ ಎಣ್ಣೆ ಹಚ್ಚಿ ಹೆರಳು ಹಾಕದೆ ಕಳಿಸುವುದಿಲ್ಲ. ನಾನಂತೂ ಯಾರು ಏನು ಹೇಳಿದರೂ ಎರಡು ಸಲ ಕೇಳುತ್ತೇನೆ. "ನಮ್ಮ ಮಾಲಕರಿಗೆ ಕಿವಿ ಮಂದ ಆಗ್ಯಾವ" ಎಂದು ಕೈಕೆಳಗಿನವರು ನಗುತ್ತಾರೆ. ನಗಲಿ.

ಇವತ್ತು ನನ್ನ ಹತ್ತಿರ ಇರುವುದು ಇಷ್ಟು: ಅಕ್ಕೋಳದಲ್ಲಿ ನಾನೇ ಕಟ್ಟಿದ ಮೂರು ಖೋಲಿಯ ಮನೆ, ಆರು ಜನ ಆಳು, ಒಂದು ಸೈಕಲ್ಲು, ಅಪ್ಪನ ಕರಣಿ, ಒಬ್ಬ ಹೆಂಡತಿ. ಗೋಡೆಯ ಗೂಡಿನಲ್ಲಿ ಮಡಿಚಿಟ್ಟ ಒಂದು ಹಾಳೆ. ಅದರಲ್ಲಿ ನಾಲ್ಕು ಹೆಸರು, ಹೊಡೆದು ಹಾಕಿದ್ದು ಒಂದು.